ಕಿರುಬೆರಳು ತೂರಬಾರದು

ಮನೆಯಲ್ಲಿ ಎಲ್ಲರಿಗೂ ಎರಡೆರಡು ಸ್ವೆಟರ್ ಆಗಿ, "ಸಾಕಮ್ಮಾ, ಇನ್ನು ಇಡೋಕೆ ಜಾಗ ಇಲ್ಲ" ಅಂತ ಮಗಳು ಕೈಮುಗಿದ ಮೇಲೆ ನಾನು ಹೆಣಿಗೆ ಗುಂಪಿಗೆ ಸೇರಿದ್ದು. ಸೇವೆಗೀವೆ ಎಲ್ಲ ಆಮೇಲಿನ ಮಾತು. ನನ್ನ ಕೈ ಸುಮ್ಮನಿರುವುದಿಲ್ಲ, ಅಷ್ಟೇ. ವಾರಕ್ಕೊಮ್ಮೆ ಒಂದು ವಾಚನಾಲಯದ ಹಿಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಕೂತು ಹೆಣೆಯುತ್ತಾರೆ, ಆದದ್ದನ್ನು ಆಸ್ಪತ್ರೆಗೋ ವೃದ್ಧಾಶ್ರಮಕ್ಕೋ ಕೊಡುತ್ತಾರೆ ಎಂದು ಕೇಳಿ ಹೋದೆ.

ಬರಿಗೈಲಿ ಹೋಗುವುದು ಬೇಡ ಅಂತ ಒಂದು ಕುಲಾವಿ ಹೆಣೆದುಕೊಂಡು ಹೋಗಿದ್ದೆ. ಅಪ್ಪಟ ಉಣ್ಣೆ, ಎಲೆ ಎಲೆಯಾಗಿ ಬರುವ ಲೇಸ್ ಡಿಸೈನು, ತುದಿಗೊಂದು ಮುತ್ತಿನಂಥ ಗುಂಡಿ. ಗುಂಪಿನ ಹಿರಿಯಾಕೆ ಅದನ್ನು ಕೈಗೆ ತೆಗೆದುಕೊಂಡು, "ಕೈ ತುಂಬಾ ಚೆನ್ನಾಗಿದೆಯಮ್ಮ ನಿಮ್ಮದು" ಅಂದರು. ನಾನು ಉಬ್ಬುವಷ್ಟರಲ್ಲಿ ಅದರ ಒಂದು ತೂತಿನೊಳಗೆ ತಮ್ಮ ಕಿರುಬೆರಳು ತೂರಿಸಿ ನನ್ನ ಮುಖ ನೋಡಿದರು. "ಮಗುವಿನ ಬೆರಳಿಗೆ ಇಲ್ಲಿ ದಾರ ಸುತ್ತಿಕೊಂಡರೆ ಯಾರು ನೋಡ್ತಾರೆ?" ಆಮೇಲೆ ಗುಂಡಿಯನ್ನು ಉಗುರಲ್ಲಿ ಮೀಟಿದರು. ಎರಡನೇ ಮೀಟಿಗೇ ಅದು ಅಲ್ಲಾಡಿತು. ಕಿತ್ತು ಬಂದರೆ ನೇರ ಮಗುವಿನ ಬಾಯಿಗೆ. ಇಷ್ಟಕ್ಕೇ ಮುಗಿಯಲಿಲ್ಲ. "ಉಣ್ಣೇನಾ? ಆಸ್ಪತ್ರೆಯಲ್ಲಿ ಬಿಸಿನೀರಲ್ಲಿ ಒಗೀತಾರೆ, ನೋಡಿ" ಅಂತ ಡಬ್ಬದಿಂದ ಒಂದು ಟೋಪಿ ತೆಗೆದು ಮುಂದಿಟ್ಟರು. ಗೊಂಬೆ ತಲೆಗೂ ಹಿಡಿಸದಷ್ಟು ಚಿಕ್ಕದು, ಮುಟ್ಟಿದರೆ ರಟ್ಟು. ಒಂದು ಕಾಲಕ್ಕೆ ಅದೂ ಯಾರೋ ಅಕ್ಕರೆಯಿಂದ ಹೆಣೆದ ಕುಲಾವಿಯೇ. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಪೊರೆಗಳಿರುತ್ತವೆ. ಬಿಸಿ, ಸೋಪು, ಕುಲುಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ.

ಅವತ್ತು ಸಿಟ್ಟು ಬಂದದ್ದು ನಿಜ. ಪುಕ್ಕಟೆ ಕೊಡುವುದಕ್ಕೂ ಪರೀಕ್ಷೆಯಾ ಅಂದುಕೊಂಡೇ ಮನೆಗೆ ಬಂದೆ. ರಾತ್ರಿ ಆ ಕುಲಾವಿಯನ್ನು ತಿರುಗಿಸಿ ತಿರುಗಿಸಿ ನೋಡಿದಾಗ ಹೊಳೆಯಿತು: ಹೆಣೆಯುವಾಗ ನನ್ನ ಕಣ್ಣಮುಂದೆ ಇದ್ದದ್ದು ಮಗು ಅಲ್ಲ, ಅದನ್ನು ನೋಡಿ ಮೆಚ್ಚುವ ಹೆಂಗಸರು.

ಮುಂದಿನ ವಾರದಿಂದ ಅಳತೆ ಕಲಿತೆ. ತಿಂಗಳು ತುಂಬಿ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್. 28 ವಾರಕ್ಕೇ ಹುಟ್ಟಿದ ಮಗುವಿನದು 25ರ ಆಸುಪಾಸು, ಅಂದರೆ ದೊಡ್ಡದೊಂದು ಕಿತ್ತಳೆ ಹಣ್ಣಿನಷ್ಟು. ಹಸುಗೂಸಿನ ಮೈಯಲ್ಲಿ ತಲೆಯ ಪಾಲೇ ದೊಡ್ಡದು, ಮೈಯ ಶಾಖ ಅಲ್ಲಿಂದಲೇ ಬೇಗ ಸೋರಿಹೋಗುತ್ತದೆ. ಹಾಗಾಗಿ ಕುಲಾವಿ ಅಂದಕ್ಕಲ್ಲ. ಸಡಿಲವಾದರೆ ಕಣ್ಣು ಮೂಗಿನ ಮೇಲೆ ಜಾರುತ್ತದೆ, ಬಿಗಿಯಾದರೆ ಹಣೆಯಲ್ಲಿ ಗೆರೆ ಮೂಡುತ್ತದೆ. ತಲೆಯ ಅಳತೆಗಿಂತ ಮೂರರಿಂದ ಆರು ಸೆಂಟಿಮೀಟರ್ ಕಮ್ಮಿಗೆ ಹೆಣೆದು, ಉಳಿದದ್ದನ್ನು ಹಿಗ್ಗುವುದಕ್ಕೆ ಬಿಡಬೇಕು.

ಇದಕ್ಕೆ ಮೊದಲು ನಾನು ಮಾದರಿ ತುಂಡು, ಅಂದರೆ ಕುಣಿಕೆ ಎಣಿಸಿ ಅಳತೆ ನೋಡಲು ಹೆಣೆಯುವ ಚಿಕ್ಕ ಚೌಕ, ಹೆಣೆದವಳೇ ಅಲ್ಲ. ಮನೆಯವರ ಸ್ವೆಟರಾದರೆ ಮೈಮೇಲಿಟ್ಟು ನೋಡಬಹುದು. ಇಲ್ಲಿ ಆ ತಲೆಯನ್ನು ನಾವು ನೋಡುವುದೇ ಇಲ್ಲ. 4 ಮಿಲಿಮೀಟರ್ ಕಡ್ಡಿಯಲ್ಲಿ ನನ್ನ ಕೈಗೆ 10 ಸೆಂಟಿಮೀಟರಿಗೆ 22 ಕುಣಿಕೆ ಬರುತ್ತವೆ. ಮೊದಲ ಸಾಲಿಗೆ ಕಡ್ಡಿಯ ಮೇಲೆ 64 ಕುಣಿಕೆ ಏರಿಸಿದರೆ 29 ಸೆಂಟಿಮೀಟರ್, ದೊಡ್ಡ ಕೂಸಿಗೆ. 48 ಏರಿಸಿದರೆ 22ಕ್ಕೆ ಸ್ವಲ್ಪ ಕಮ್ಮಿ, ಚಿಕ್ಕದಕ್ಕೆ. ಎರಡೂ ಎಂಟರ ಮಗ್ಗಿಯಲ್ಲಿವೆ, ಅದೇ ಅನುಕೂಲ. ಕೆಳಗಿನ ಅಂಚಿಗೆ ಎರಡು ನಿಟ್ (ಸೀದಾ ಕುಣಿಕೆ) ಎರಡು ಪರ್ಲ್ (ಉಲ್ಟಾ ಕುಣಿಕೆ), ಮೇಲೆ ಬರೀ ನಿಟ್. ನೆತ್ತಿ ಬಂದಾಗ ಆರು ಹೆಣೆದು ಎರಡನ್ನು ಒಂದು ಮಾಡುತ್ತಾ ಒಂದು ಸುತ್ತು, ಮುಂದಿನ ಸುತ್ತು ಸಾದಾ, ಆಮೇಲೆ ಐದು ಹೆಣೆದು ಎರಡನ್ನು ಒಂದು. ಹೀಗೆ ಇಳಿಸುತ್ತಾ 64 ಅನ್ನುವುದು ಏಳು ಸಲಕ್ಕೆ ಎಂಟಕ್ಕೆ ಬರುತ್ತದೆ. ದಾರ ಕತ್ತರಿಸಿ, ಎಂಟರೊಳಗೂ ತೂರಿಸಿ ಎಳೆದರೆ ನೆತ್ತಿ ಮುಚ್ಚಿತು. ಚಿಕ್ಕದಕ್ಕೆ ನಾಲ್ಕು ಹೆಣೆದು ಎರಡನ್ನು ಒಂದು ಮಾಡುವುದರಿಂದ ಶುರು, ಐದೇ ಸಲ.

ನನ್ನ ಮೊದಲ ಸಾಲು ಯಾವಾಗಲೂ ಬಿಗಿ. ಕುಲಾವಿಯ ಮೈ ಹಿಗ್ಗಿದರೂ ಬಾಯಿ ಹಿಗ್ಗುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹುಡುಗಿ, "ಆಂಟೀ, ಏರಿಸುವಾಗ ಮಾತ್ರ ಒಂದು ನಂಬರ್ ದಪ್ಪ ಕಡ್ಡಿ ಹಿಡೀರಿ" ಅಂದಳು. ಮೂವತ್ತು ವರ್ಷ ಹೆಣೆದಿದ್ದೇನೆ, ಇಷ್ಟು ಹೊಳೆದಿರಲಿಲ್ಲ.

ದಾರದ ವಿಷಯದಲ್ಲಿ ನಮ್ಮ ಗುಂಪು ಕಟ್ಟುನಿಟ್ಟು. ಕೂಸುಗಳಿಗೆ ಹತ್ತಿ, ಇಲ್ಲವೇ ಬಿಸಿನೀರು ತಡೆಯುವ ಮೆತ್ತಗಿನ ಅಕ್ರಿಲಿಕ್. ಕ್ಯಾನ್ಸರಿಗೆ ಕಿಮೊ ತೆಗೆದುಕೊಂಡು ಕೂದಲು ಉದುರಿದವರ ಟೋಪಿಗೂ ಹತ್ತಿಯೇ, ಅದೂ ಒಳಗೆ ಹೊಲಿಗೆಯ ಏಣು ಇರಬಾರದು. ಆಗ ನೆತ್ತಿಯ ಚರ್ಮ ಎಷ್ಟು ನವಿರಾಗಿರುತ್ತದೆಂದರೆ ಒಂದು ಗಂಟು ಕೂಡ ಚುಚ್ಚುತ್ತದೆ. ಮನೆಯಲ್ಲಿ ಬೆಕ್ಕು ಇರುವವರು ದಾರವನ್ನು ಮುಚ್ಚಳದ ಡಬ್ಬದಲ್ಲೇ ಇಡಬೇಕು. ಒಗೆದು, ಒಣಗಿಸಿ, ಕವರಿನಲ್ಲಿ ಹಾಕಿ, ಅಳತೆಯನ್ನೂ ದಾರದ ಹೆಸರನ್ನೂ ಬರೆದ ಚೀಟಿ ಅಂಟಿಸಿದ ಮೇಲೆಯೇ ಕೊಡುವುದು.

ನಡುವೆ ಒಮ್ಮೆ ಎಲ್ಲರಿಗೂ ಕ್ರೋಶಾ (ಕೊಕ್ಕೆ ಕಡ್ಡಿಯ ಹೆಣಿಗೆ) ಆಕ್ಟೋಪಸ್ ಗೊಂಬೆಯ ಹುಚ್ಚು ಹತ್ತಿತು. 2013ರಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾದದ್ದು. ದಿನ ತುಂಬದ ಕೂಸು ಅದರ ಸುರುಳಿ ಕಾಲು ಹಿಡಿದುಕೊಂಡರೆ ಮೈಗೆ ಅಂಟಿಸಿದ ನಳಿಕೆ ಎಳೆಯುವುದಿಲ್ಲ ಅನ್ನುವ ನಂಬಿಕೆ. ಕಾಲನ್ನು ಎಳೆದು ಹಿಡಿದಾಗಲೂ 22 ಸೆಂಟಿಮೀಟರ್ ದಾಟಬಾರದು, ಕುತ್ತಿಗೆಗೆ ಸುತ್ತಿಕೊಳ್ಳಬಾರದಲ್ಲ. ನಾನು ಮಾಡಿದ್ದರ ಎಂಟು ಕಾಲಲ್ಲಿ ಎರಡು 26 ಬಂದವು. ಬಿಚ್ಚಿದೆ. ಎಲ್ಲ ಸರಿಮಾಡಿಕೊಂಡು ಹೋದರೆ, ನಮ್ಮಲ್ಲಿ ತೊಟ್ಟಿಲಿನೊಳಗೆ ಆಟದ ಸಾಮಾನು ಇಡುವುದಿಲ್ಲ ಅಂದರು ಆಸ್ಪತ್ರೆಯವರು. ಮೊದಲೇ ಕೇಳಬಹುದಿತ್ತು.

ಕಂಬಳಿಯ ಕೆಲಸ ಬೇರೆಯೇ ತಲೆನೋವು. ತಲಾ 15 ಸೆಂಟಿಮೀಟರಿನ ಚೌಕಗಳನ್ನು ಎಲ್ಲರೂ ಮನೆಯಲ್ಲಿ ಹೆಣೆದು ತರುವುದು, 48 ಜೋಡಿಸಿದರೆ 90ಕ್ಕೆ 120ರ ಒಂದು ಕಂಬಳಿ. ಲೆಕ್ಕ ಚೆಂದ. ಆದರೆ ಒಬ್ಬರ ಕೈ ಬಿಗಿ, ಒಬ್ಬರದು ಸಡಿಲ. ಅದೇ ಕಡ್ಡಿ, ಅಷ್ಟೇ ಕುಣಿಕೆ, ಆದರೂ ಒಂದು ಚೌಕ 13, ಇನ್ನೊಂದು 17. ಜೋಡಿಸುವ ಪಾಳಿ ನನ್ನದು. ಎಳೆದು ಹೊಲಿದ ಮೊದಲ ಕಂಬಳಿ ಹಪ್ಪಳದ ಹಾಗೆ ಸೊಟ್ಟಗಾಯಿತು. ಆಮೇಲೆ ಕುಣಿಕೆ ಎಣಿಸುವುದನ್ನೇ ಬಿಟ್ಟು ಮೂಲೆಯಿಂದ ಮೂಲೆಗೆ ಹೆಣೆಯುವ ರೂಢಿ ಮಾಡಿಸಿದೆ: ಒಂದೇ ಕುಣಿಕೆಯಿಂದ ಶುರು, ಸಾಲಿಗೊಂದು ಕೂಡಿಸುತ್ತಾ ಹೋಗಿ, ಬದಿಯ ಉದ್ದ ಅಳತೆಪಟ್ಟಿಯಲ್ಲಿ 15 ಮುಟ್ಟಿದ ಕೂಡಲೇ ಸಾಲಿಗೊಂದು ಕಳೆಯುತ್ತಾ ಬರುವುದು. ಯಾರ ಕೈ ಹೇಗಿದ್ದರೂ ಚೌಕ ಚೌಕವೇ. ದಾರದ ತುದಿಗಳನ್ನು ಒಳಗೆ ಸೇರಿಸದೆ ಹಾಗೇ ತಂದುಕೊಡುವವರನ್ನು ಮಾತ್ರ ಇನ್ನೂ ತಿದ್ದಲಾಗಿಲ್ಲ. ಅವರು ಯಾರ್ಯಾರು ಅಂತ ಚೌಕ ನೋಡಿದರೇ ಹೇಳಬಲ್ಲೆ.

ಬಿಚ್ಚುವುದು ಈಗ ನನಗೆ ಅವಮಾನ ಅಲ್ಲ. ಮಾತಾಡುತ್ತಾ ಕುಣಿಕೆ ಜಾರಿದರೆ ಕ್ರೋಶಾ ಕಡ್ಡಿಯಲ್ಲಿ ಏಣಿ ಹತ್ತಿಸಿ ಮೇಲೆ ತರುತ್ತೇನೆ, ಆಗದಿದ್ದರೆ ನಾಲ್ಕು ಸುತ್ತು ಎಳೆದುಬಿಡುತ್ತೇನೆ. ಆ ಲೇಸ್ ಕುಲಾವಿಯನ್ನೂ ಬಿಚ್ಚಿ ಉಂಡೆ ಸುತ್ತಿಟ್ಟಿದ್ದೇನೆ, ಒಗೆಯುವ ಚಿಂತೆಯಿಲ್ಲದ ಯಾವುದಾದರೂ ಕೆಲಸಕ್ಕೆ ಆದೀತು.

ಕಳೆದ ಸಲ 31 ಕುಲಾವಿ ಕಟ್ಟಿಕೊಂಡು ಹೋದೆವು. ದೊಡ್ಡ ಅಳತೆಯ 19 ವಾಪಸ್ ಬಂದವು. ಅವರ ಕಪಾಟಿನಲ್ಲಿ ಆ ಅಳತೆಯದು ಆಗಲೇ ತುಂಬಿತ್ತಂತೆ. ದೊಡ್ಡದು ಹೆಣೆಯುವುದು ಎಲ್ಲರಿಗೂ ಸುಲಭ ನೋಡಿ. ನರ್ಸಮ್ಮ ತಮ್ಮ ಮುಷ್ಟಿ ತೋರಿಸಿ, "ಇಷ್ಟು ದಪ್ಪದ್ದು ಇದ್ದರೆ ಕೊಡಿ" ಅಂದರು. 19ನ್ನು ಬೇರೊಂದು ಆಸ್ಪತ್ರೆಗೆ ಕಳಿಸಿದೆವು. ಈಗ ಕಡ್ಡಿಗೆ ಏರಿಸುವ ಮೊದಲೇ ಫೋನ್ ಮಾಡಿ ಕೇಳುತ್ತೇವೆ. ಈ ತಿಂಗಳಿಗೆ ಚಿಕ್ಕದೇ ಬೇಕಂತೆ, ಹನ್ನೆರಡು. ನನ್ನ ಪಾಲಿಗೆ ಮೂರು.