ಉಲ್ಲನ್ ಚೀನಿಕಾಯಿಗೆ ಅಸಲಿ ತೊಟ್ಟು

"ಕೊಳೆಯುತ್ತೆ ಮಾರಾಯ್ತಿ, ಒಂದು ಮಳೆಗಾಲ ದಾಟಲ್ಲ." ಉಲ್ಲನ್ನಿನ ಚೀನಿಕಾಯಿಗೆ, ಅಂದರೆ ಸಿಹಿಗುಂಬಳಕ್ಕೆ, ನಿಜವಾದ ತೊಟ್ಟು ಕೂರಿಸ್ತೀನಿ ಅಂದಾಗ ನನಗೆ ಕ್ರೋಶಾ ಹೆಣಿಗೆ ಕಲಿಸಿದ ಅಕ್ಕನೇ ಹೇಳಿದ ಮಾತಿದು. ಅತ್ತೆಯವರದ್ದು ಬೇರೆಯೇ ತಕರಾರು. "ತಿನ್ನೋ ಚೀನಿಕಾಯಿ ಅಟ್ಟದ ಮೇಲೆ ರಾಶಿ ಬಿದ್ದಿದೆ, ಈ ತಿನ್ನದ ಚೀನಿಕಾಯಿಗೆ ದುಡ್ಡು ಯಾರು ಕೊಡ್ತಾರೆ?" ಸರಿಯಾಗಿ ಬಂದ ಮೊದಲ ಕಾಯಿ ಈಗಲೂ ನಮ್ಮ ಜಗಲಿಯ ಗೂಡಿನಲ್ಲಿ ಕೂತಿದೆ. ಮಲೆನಾಡಿನ ನಮ್ಮ ಸಾಗರದ ಕಡೆಯ ಮೂರು ಮಳೆಗಾಲ ಕಂಡಿದೆ. ತೊಟ್ಟಿಗೆ ಒಂದು ಚುಕ್ಕೆ ಬೂಸ್ಟು ಬಂದಿಲ್ಲ. ಅದಕ್ಕೇ ಬರೆಯುವ ಧೈರ್ಯ.

ಕಾಯಿಯ ಮೈ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕಡ್ಡಿ ಹಿಡಿದವರಿಗೆ ಗೊತ್ತಿರುವುದೇ. ಮ್ಯಾಜಿಕ್ ರಿಂಗ್ ಅನ್ನುವ ದಾರದ ಉಂಗುರದಿಂದ ಶುರು ಮಾಡಿ ಸುತ್ತುತ್ತಾ ಹೋದರೆ ಚೆಂಡಾಗುತ್ತದೆ, ಚೀನಿಕಾಯಿ ಆಗುವುದಿಲ್ಲ. ನಾನು ಪಟ್ಟಿ ಹಾಕುವವಳು. ನಾಲ್ಕು ಎಂಎಂ ಕಡ್ಡಿ, 26 ಹಾಫ್ ಡಬಲ್ ಹೆಣಿಗೆ, ಹಿಂದಿನ ಲೂಪಿನಲ್ಲಿ ಮಾತ್ರ, ಸುಮಾರು 40 ಸಾಲು. ಅಗಲಕ್ಕಿಂತ ಉದ್ದ ಎರಡು ಪಟ್ಟು ಬಂದರೆ ಸಾಕು. ತುದಿಗೆ ತುದಿ ಹೊಲಿದು, ಒಂದು ಬಾಯಿ ಜಗ್ಗಿ ಕಟ್ಟಿ, ತುಂಬಿ, ಇನ್ನೊಂದು ಬಾಯಿ ಕಟ್ಟಿ, ದಬ್ಬಣದಲ್ಲಿ ಮೇಲಿಂದ ಕೆಳಕ್ಕೆ ದಾರ ಹಾಯಿಸಿ ಎಂಟು ಹೋಳು. ಆ ಹೋಳಿನ ದಾರವೇ ಮೊದಮೊದಲು ನನ್ನ ಜೀವ ತಿಂದದ್ದು. ಅದೇ ಉಲ್ಲನ್ನಿನಲ್ಲಿ ಎಳೆಯಲು ಹೋಗಿ ಏಳನೇ ಹೋಳಿಗೆ ಪಟ್ ಅಂತ ಹರಿದು, ಇಡೀ ಕಾಯಿ ಉಸಿರು ಎಳೆದುಕೊಂಡ ಹಾಗೆ ಊದಿಕೊಳ್ಳುತ್ತಿತ್ತು. ಈಗ ಬಿಗಿಯೆಲ್ಲ ನೈಲಾನ್ ದಾರದ್ದು, ಉಲ್ಲನ್ನು ಅದರ ಮೇಲೆ ಚಂದಕ್ಕೆ.

ತುಂಬುವುದಕ್ಕೆ ಮನೆಯದ್ದೇ ಏನಾದರೂ ಆಗಲಿ ಅಂತ ಹಠ ಹಿಡಿದಿದ್ದೆ. ತೋಟದಂಚಿಗೆ ಬೂರುಗದ ಮರ ಇದೆ, ಬೇಸಿಗೆಯಲ್ಲಿ ಹತ್ತಿ ಹಾರಿ ಅಂಗಳವೆಲ್ಲ ಬಿಳಿ. ಎರಡು ದಿಂಬಿನಷ್ಟು ಹೆಕ್ಕಿ ತುಂಬಿದೆ. ಆಷಾಢಕ್ಕೆ ಮುಗ್ಗಲು ವಾಸನೆ, ಸರಿಯಾಗಿ ತೆಗೆಯದ ಬೀಜಕ್ಕೆ ಹುಳ. ಅಡಿಕೆ ಸಿಪ್ಪೆ ಬಿಡಿಸಿ ತುಂಬಿದ್ದೂ ಆಯಿತು. ನಾರು ಲೂಪಿನ ಸಂದಿಯಿಂದ ಮೀಸೆಯ ಹಾಗೆ ಹೊರಗೆ ಬಂತು. ಕೊನೆಗೆ ಎಲ್ಲರ ಹಾಗೆ ಫೈಬರ್ ಹತ್ತಿಗೇ ಶರಣು. ಕಾಯಿ ಉರುಳದೆ ಕೂರಲಿ ಅಂತ ತಳಕ್ಕೆ ಅಕ್ಕಿ ಹಾಕಿದ್ದೆ, ಆ ಕಥೆ ಬೇಡ. ಈಗ ಹಾಕುವುದು ಅಕ್ಕಿಯಲ್ಲ, ಮರಳೂ ಅಲ್ಲ. ಏನು ಅಂತ ಕೇಳಬೇಡಿ, ನಮ್ಮಲ್ಲಿ ಪುಕ್ಕಟೆ ಸಿಗುವಂಥದ್ದು.

ಇನ್ನು ತೊಟ್ಟು. ಕಂದು ಉಲ್ಲನ್ನಿನಲ್ಲಿ ಹೆಣೆದ ತೊಟ್ಟು ಎಷ್ಟು ಚಂದ ಬಂದರೂ ಮಕ್ಕಳ ಆಟದ ಸಾಮಾನಿನ ಹಾಗೇ ಕಾಣುತ್ತದೆ. ನಿಜವಾದದ್ದಕ್ಕೆ ಐದು ಏಣು, ಸಣ್ಣ ತಿರುಚು, ಕಾಯಿಗೆ ಅಂಟುವಲ್ಲಿ ಕೋಳಿ ಪಾದದ ಹಾಗೆ ಹರಡಿರುತ್ತದೆ. ಅದನ್ನು ಇಟ್ಟ ಕೂಡಲೇ ನೋಡಿದವರ ಕೈ ತಾನಾಗಿ ಮುಂದೆ ಬರುತ್ತದೆ, ಅಸಲಿಯೋ ಅಂತ ಮುಟ್ಟಲು.

ಮೊದಲ ವರ್ಷ ಸಂತೆಯಿಂದ ತಂದ ಕಾಯಿಯ ತೊಟ್ಟು ಕಿತ್ತು, ನಾಲ್ಕು ದಿನ ಬಿಸಿಲಿಗಿಟ್ಟು, ಗ್ಲೂ ಗನ್ನಿನಲ್ಲಿ ಅಂಟಿಸಿದೆ. ಒಂದು ಡಜನ್ ಶಿವಮೊಗ್ಗದ ಅಂಗಡಿಯೊಂದಕ್ಕೆ ಕೊಟ್ಟೆ. ಹದಿನೈದು ದಿನಕ್ಕೆ ಫೋನು: "ಮೇಡಂ, ನಿಮ್ಮ ಕುಂಬಳಕ್ಕೆ ಗಡ್ಡ ಬಂದಿದೆ." ಹನ್ನೊಂದು ವಾಪಸ್ ಬಂತು. ಹನ್ನೆರಡನೆಯದು ಎಲ್ಲಿ ಹೋಯಿತೋ, ದುಡ್ಡಂತೂ ಬರಲಿಲ್ಲ. ಆ ವರ್ಷ ಉಲ್ಲನ್ನು, ಹತ್ತಿ, ಶಿವಮೊಗ್ಗದ ಗಾಂಧಿ ಬಜಾರಿಗೆ ಓಡಾಡಿದ ಬಸ್ ಚಾರ್ಜು ಸೇರಿ ಆರು ಸಾವಿರದ ಹತ್ತಿರ ಕೈ ಬಿಟ್ಟು ಹೋಗಿತ್ತು. ವಾಪಸ್ ಬಂದದ್ದು ಎರಡು ಸಾವಿರವೂ ಇಲ್ಲ.

ಎರಡನೇ ವರ್ಷ ಬುದ್ಧಿ ಓಡಿಸಿ ತೊಟ್ಟುಗಳನ್ನು ಬಚ್ಚಲೊಲೆಯ ಮೇಲೆ ತಟ್ಟೆಯಲ್ಲಿಟ್ಟು ಒಣಗಿಸಿದೆ. ಒಣಗಿದವು ನಿಜ, ಅರ್ಧಕ್ಕರ್ಧ ಸೀಳಿದವು. ಉಳಿದದ್ದಕ್ಕೆ ಹೊಗೆಯ ವಾಸನೆ ಎಷ್ಟು ಹತ್ತಿತ್ತೆಂದರೆ ಬೆಂಗಳೂರಿನ ಒಬ್ಬರು, ನಿಮ್ಮ ಪಾರ್ಸೆಲ್ ಎಲ್ಲೋ ಬೆಂಕಿಗೆ ಸಿಕ್ಕಿತ್ತಾ ಅಂತ ಕೇಳಿದರು. ಉಪ್ಪುನೀರಿನಲ್ಲಿ ಕುದಿಸಿ ಒಣಗಿಸಿದರೆ ಹುಳ ಬರಲ್ಲ ಅಂತ ಯಾರೋ ಹೇಳಿದ್ದನ್ನೂ ನಂಬಿದೆ. ಮಳೆ ಹಿಡಿದ ಮೇಲೆ ಉಪ್ಪಿನ ಭರಣಿ ಬೆವರುವ ಹಾಗೆ ತೊಟ್ಟು ಬೆವರಿ, ಕೆನೆ ಬಣ್ಣದ ಕಾಯಿಯ ಮೇಲೆ ಕಂದು ಕಲೆ ಇಳಿಯಿತು.

ದಾರಿ ಸಿಕ್ಕಿದ್ದು ಅಟ್ಟದ ಮೇಲೆ. ನಮ್ಮ ಕಡೆ ಚೀನಿಕಾಯಿಯನ್ನು ಒಂದಿಷ್ಟು ಬಳ್ಳಿ ಸಮೇತ ಕೊಯ್ಯುತ್ತಾರೆ. ತೊಟ್ಟು ಮುರಿದ ಕಾಯಿ ಅಲ್ಲಿಂದಲೇ ಕೊಳೆಯಲು ಶುರು. ತೊಟ್ಟಿದ್ದರೆ ತಿಂಗಳುಗಟ್ಟಲೆ ಅಟ್ಟದಲ್ಲಿ ಕೆಡದೆ ಇರುತ್ತದೆ. ಒಂದು ದಿನ ಹುಳಿಗೆ ಹಳೇ ಕಾಯಿ ಇಳಿಸಿದಾಗ ತೊಟ್ಟು ಬೆರಳಿಗೆ ತಾಗಿತು. ಬೆಂಡಿನಷ್ಟು ಹಗುರ, ಉಗುರಿನಲ್ಲಿ ಬಡಿದರೆ ಟಕ್ ಟಕ್. ಕಾಯಿಯ ಜೊತೆಗೇ ನಿಧಾನಕ್ಕೆ ಒಣಗಿದ್ದರಿಂದ ಒಂದು ಬಿರುಕೂ ಇಲ್ಲ. ನಾನು ನಾಲ್ಕು ದಿನದಲ್ಲಿ ಮಾಡಲು ಹೊರಟಿದ್ದನ್ನು ಅಟ್ಟ ಆರು ತಿಂಗಳು ತಗೊಂಡು ಮಾಡಿತ್ತು.

ಆದರೆ ನಮ್ಮಲ್ಲಿ ಇಡೀ ಕುಂಬಳವನ್ನು ಹೆಂಗಸರು ಒಡೆಯುವಂತಿಲ್ಲ, ಮೊದಲ ಪೆಟ್ಟು ಗಂಡಸರದ್ದೇ. ನಮ್ಮನೆಯವರು ಕತ್ತಿ ಬೀಸುವುದು ಸರಿಯಾಗಿ ತೊಟ್ಟಿನ ಮೇಲೆ. ಎರಡು ಒಳ್ಳೆಯ ತೊಟ್ಟು ಹಾಗೆ ಚೂರಾದ ಮೇಲೆ ನಾನೇ ಗರಗಸದಲ್ಲಿ ತೊಟ್ಟು ಬಿಡಿಸಿ, ಆಮೇಲೆ ಕಾಯಿ ಅವರ ಕೈಗೆ ಕೊಡತೊಡಗಿದೆ. ಅತ್ತೆಯವರು ಅದು ಒಡೆದ ಹಾಗಾಯ್ತೋ ಇಲ್ಲವೋ ಅಂತ ಒಂದು ವಾರ ಯೋಚಿಸಿ ಸುಮ್ಮನಾದರು.

ಅಂಟು ಬಿಟ್ಟುಬಿಟ್ಟೆ. ತೇವಕ್ಕೆ ತೊಟ್ಟು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಗ್ಲೂ ಎರಡಕ್ಕೂ ಬಗ್ಗದೆ ಚಕ್ಕೆಯಾಗಿ ಏಳುತ್ತದೆ. ಹೊಲಿಯಬೇಕು. ಬುಡದಲ್ಲಿ ಸಣ್ಣ ಕೈ ಡ್ರಿಲ್ಲಿನಿಂದ ಎದುರುಬದುರು ಎರಡು ತೂತು (ಮೊಳೆ ಹೊಡೆದರೆ ಸೀಳುತ್ತದೆ, ನೆನಪಿರಲಿ), ಹೋಳು ಎಳೆದ ಅದೇ ನೈಲಾನ್ ದಾರವನ್ನು ತೂತಿನಲ್ಲಿ ಹಾಯಿಸಿ ತಳದಲ್ಲಿ ಗಂಟು. ಹೊಲಿಯುವ ಮೊದಲು ತೊಟ್ಟನ್ನು ಅರಿಶಿನ ಮತ್ತು ಹಿತ್ತಲಿನ ಇನ್ನೊಂದು ಸೊಪ್ಪು ಹಾಕಿದ ನೀರಿನಲ್ಲಿ ಒಂದು ಕುದಿ ಕುದಿಸಿ ಮತ್ತೆ ಒಣಗಿಸುತ್ತೇನೆ. ಆ ಸೊಪ್ಪಿನ ಹೆಸರು ನನ್ನ ಹತ್ತಿರವೇ ಇರಲಿ.

ಮುಗಿದ ಕಾಯಿಗಳನ್ನು ಹಳೇ ಕಪಾಟಿನಲ್ಲಿ 40 ವ್ಯಾಟಿನ ಬಲ್ಬು ಉರಿಸಿ ಇಡುತ್ತೇನೆ. ಕರೆಂಟು ಇದ್ದಾಗ, ಅಂದರೆ ಜುಲೈನಲ್ಲಿ ದಿನಕ್ಕೆ ಎಷ್ಟು ಗಂಟೆ ಅಂತ ನಿಮಗೂ ಗೊತ್ತು. ಕೆಲಸಕ್ಕೆ ಮಾತ್ರ ಆ ಕಾಲವೇ ಸರಿ. ಹೊರಗೆ ಕಾಲಿಡಲಾಗದ ಮಳೆಯಲ್ಲಿ ಹೆಣೆದದ್ದು ದಸರಾ ಹೊತ್ತಿಗೆ ಮಾರಲು ಸಿದ್ಧ. ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಅಕ್ಟೋಬರ್ ಬಂತೆಂದರೆ ಬಾಗಿಲ ಬಳಿ ಕುಂಬಳ ಬೇಕು, ಕೇಸರಿಗಿಂತ ಕೆನೆ ಮತ್ತು ಮಾಸಲು ಹಸಿರೇ ಹೆಚ್ಚು ಕೇಳುತ್ತಾರೆ. ಅಮೆರಿಕದಲ್ಲಿರುವ ನಾದಿನಿಯ ಮಗಳು ಹೇಳುವ ಪ್ರಕಾರ ಅಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಮುಗಿದರೂ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ತನಕ ಇವು ಮೇಜಿನ ಮೇಲೆ ಇರುತ್ತವಂತೆ. ಅವಳಿಗೆ ಕಳಿಸುವುದಕ್ಕೆ ಮಾತ್ರ ಹೆಣೆದ ತೊಟ್ಟು. ಗಿಡದ ಚೂರು ಪಾರ್ಸೆಲಿನಲ್ಲಿ ಹೊರದೇಶಕ್ಕೆ ಹೋದರೆ ಕಸ್ಟಮ್ಸಿನ ತಲೆನೋವು.

ನಡುವೆ ಚೊಗರಿನ ಹುಚ್ಚೂ ಹತ್ತಿತ್ತು. ಅಡಿಕೆ ಬೇಯಿಸಿದ ಚೊಗರಿನಲ್ಲಿ ಹೆಗ್ಗೋಡಿನ ಚರಕ ಕೈಮಗ್ಗ ಸಂಘದವರು ಬಟ್ಟೆಗೆ ಬಣ್ಣ ಹಾಕುತ್ತಾರಲ್ಲ, ನಾನೂ ಉಲ್ಲನ್ನು ಅದ್ದಿದೆ. ನನ್ನ ಉಲ್ಲನ್ನು ಅಕ್ರಿಲಿಕ್ಕು, ಅದಕ್ಕೆ ಆ ಬಣ್ಣ ಹಿಡಿಯುವುದೇ ಇಲ್ಲ, ಒಂದು ಬಾಲ್ಡಿ ಚೊಗರು ದಂಡ. ಹತ್ತಿ ದಾರಕ್ಕೆ ಪಟಿಕ ಹಾಕಿ ಅದ್ದಿದಾಗ ಹಳೇ ಹಂಚಿನ ಕೆಂಪು ಬಂತು. ಅದರ ಮೇಲೆ, ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಚಿತ್ತಾರದ ಹಾಗೆ ಬಿಳಿ ದಾರದ ಗೆರೆ ಎಳೆದೆ. ಭೂಮಿ ಹುಣ್ಣಿಮೆ ಹೊತ್ತಿಗೆ ಹತ್ತು ಮಾಡಿದ್ದೆ, ಒಂಬತ್ತು ಹೋಯಿತು. ಗೆರೆ ಎಳೆಯುವುದಕ್ಕೇ ಒಂದಕ್ಕೆ ಎರಡು ಗಂಟೆ, ಹಾಗಾಗಿ ಹೆಚ್ಚು ಮಾಡುವುದಿಲ್ಲ.

ಲೆಕ್ಕ ಕೇಳುವವರಿಗೆ: ನೂರು ಗ್ರಾಂ ಉಂಡೆಯಲ್ಲಿ ಮೂರು ಮಧ್ಯಮ ಕಾಯಿ. ಉಲ್ಲನ್ನು, ಹತ್ತಿ ಎಲ್ಲ ಸೇರಿ ಒಂದಕ್ಕೆ ಐವತ್ತರ ಒಳಗೆ. ಮೊದಲು ಮೂರು ಗಂಟೆ ಹಿಡಿಯುತ್ತಿತ್ತು, ಈಗ ಒಂದೂವರೆ. ಮಾರುವುದು ಹೆಣೆದ ತೊಟ್ಟಿನದ್ದು 250 ರೂಪಾಯಿಗೆ, ಅಸಲಿ ತೊಟ್ಟಿನದ್ದು 400ಕ್ಕೆ. ಜನ ಕೊಡುತ್ತಿರುವುದು ತೊಟ್ಟಿಗೇ ಅಂತ ಇದರಲ್ಲೇ ಗೊತ್ತಾಗುತ್ತದೆ. ಹೋದ ವರ್ಷ ನೂರರ ಮೇಲೆ ಮಾರಿದೆ, ಖರ್ಚು ಕಳೆದು ಇಪ್ಪತ್ತೆಂಟು ಸಾವಿರ ಉಳಿದಿರಬಹುದು.

ಈಗ ಉಲ್ಲನ್ನಿಗಿಂತ ತೊಟ್ಟಿಗೇ ಬರ. ಮದುವೆ ಮನೆಗೆ ಹೋದರೆ ಅಡುಗೆಯವರ ಬುಟ್ಟಿ ಮೊದಲು ನೋಡುತ್ತೇನೆ. ಮೊನ್ನೆ ಅತ್ತೆಯವರು ತಂಗಿ ಮನೆಯಿಂದ ಪೇಪರಿನಲ್ಲಿ ಸುತ್ತಿ ಏಳು ತೊಟ್ಟು ತಂದುಕೊಟ್ಟರು. ಬಡಿದು ನೋಡಿದೆ, ಐದು ಟಕ್ ಅಂದವು. ಎರಡು ಇನ್ನೂ ಹಸಿ. ಅವನ್ನು ಬಚ್ಚಲೊಲೆಯ ಮೇಲೆ ಇಡಬೇಡಿ ಅಂತ ಹೇಳಿದ್ದೇನೆ.