ತಿಪಟೂರಿನಿಂದ ಧಾರವಾಡಕ್ಕೆ: ಮೊದಲ ಸಂಬಳದಲ್ಲಿ ಊರು ಆರಿಸಿಕೊಂಡ ನನ್ನ ಅನುಭವ

2022ರಲ್ಲಿ ತಿಪಟೂರಿನಲ್ಲಿ ಬಿ.ಕಾಂ. ಮುಗಿಸಿದಾಗ ನನ್ನ ಮುಂದೆ ಎರಡು ಕೆಲಸಗಳಿದ್ದವು. ಒಂದು ಬೆಂಗಳೂರಿನ ಲೆಕ್ಕಪರಿಶೋಧಕರ ಕಚೇರಿಯಲ್ಲಿ, ತಿಂಗಳಿಗೆ 22,000 ರೂಪಾಯಿ ಸಂಬಳಕ್ಕೆ. ಇನ್ನೊಂದು ಹುಬ್ಬಳ್ಳಿಯ ವಿದ್ಯಾನಗರದ ಒಂದು ಸಣ್ಣ ಕಚೇರಿಯಲ್ಲಿ, 17,000ಕ್ಕೆ. ಎರಡೂ ಕಡೆ ಕೆಲಸ ಒಂದೇ ಬಗೆಯದು: ವ್ಯಾಪಾರಿಗಳ ಖರೀದಿ ಮತ್ತು ಮಾರಾಟದ ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಏರಿಸುವುದು, ಪ್ರತಿ ತಿಂಗಳು 11ರೊಳಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1, 20ರೊಳಗೆ ತೆರಿಗೆಯ ಒಟ್ಟು ಲೆಕ್ಕವಾದ 3ಬಿ ಸಲ್ಲಿಸುವುದು. ನನ್ನ ಜೊತೆ ಓದಿದವರಲ್ಲಿ ಹೆಚ್ಚಿನವರು ಬೆಂಗಳೂರಿನ ರೈಲು ಹತ್ತಿದರು. ಅದೇ ಹಳಿಯ ಮೇಲೆ ಎದುರು ದಿಕ್ಕಿಗೆ ಹೋಗುವ ರೈಲು ಹುಬ್ಬಳ್ಳಿಗೆ ತಲುಪಿಸುತ್ತದೆ ಎಂಬುದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದರೂ, ಕೆಲಸಕ್ಕೆಂದು ಆ ಕಡೆ ಹೋಗುವವರು ಕಡಿಮೆ.

ತೀರ್ಮಾನಿಸುವ ಮೊದಲು ನಾನು ಮಾಡಿದ ಲೆಕ್ಕ ಹೀಗಿತ್ತು. ಬೆಂಗಳೂರಿನಲ್ಲಿ ಇಬ್ಬರು ಹಂಚಿಕೊಳ್ಳುವ ಪಿ.ಜಿ.ಗೆ 9,500, ಬಸ್ಸು ಮತ್ತು ಮೆಟ್ರೊಗೆ 1,800, ಮಧ್ಯಾಹ್ನದ ಊಟ ಮತ್ತು ಸಂಜೆಯ ತಿಂಡಿಗೆ 2,500, ಫೋನು ಮತ್ತು ಇತರ ಖರ್ಚಿಗೆ 1,500, ಉಳಿಯುವುದು 6,700. ಹುಬ್ಬಳ್ಳಿಯ ಕೆಲಸ ಹಿಡಿದು ಪಕ್ಕದ ಧಾರವಾಡದಲ್ಲಿ ಉಳಿದರೆ ಪಿ.ಜಿ.ಗೆ 5,500, ಮಧ್ಯಾಹ್ನದ ಊಟಕ್ಕೆ 1,500, ಬಸ್ಸಿಗೆ 1,200, ಇತರೆ 1,000, ಉಳಿಯುವುದು 7,800. ಐದು ಸಾವಿರ ಕಡಿಮೆ ಸಂಬಳ ತೆಗೆದುಕೊಂಡು ಸಾವಿರದ ನೂರು ಹೆಚ್ಚು ಉಳಿಸಬಹುದು ಎಂದು ಅಪ್ಪನಿಗೆ ಹಾಳೆ ತೋರಿಸಿದಾಗ, ಕೊಬ್ಬರಿ ಮಂಡಿಯಲ್ಲಿ ವರ್ಷಾನುಗಟ್ಟಲೆ ಲೆಕ್ಕ ಬರೆದ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಸಂಬಳ ಏರುವಾಗ ಎರಡೂ ಕಡೆ ಒಂದೇ ಸಮ ಏರುತ್ತದೆಯೇ?’ ಅದಕ್ಕೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ, ಮುಂದೆ ಹೇಳುತ್ತೇನೆ. ಆದರೆ ನನ್ನನ್ನು ಈ ಕಡೆಗೆ ವಾಲಿಸಿದ್ದು ಆ ಸಾವಿರದ ನೂರು ರೂಪಾಯಿಗಿಂತ ಹೆಚ್ಚಾಗಿ ಸಂಜೆಯ ಹೊತ್ತು. ಕಚೇರಿ ಮುಗಿದ ಮೇಲೆ ರಸ್ತೆಯಲ್ಲಿ ಕಳೆಯುವ ಗಂಟೆಗಳನ್ನು ಸಂಬಳದಿಂದ ಕಳೆಯದೆ ಮಾಡುವ ಯಾವ ಲೆಕ್ಕವೂ ಪೂರ್ಣವಲ್ಲ ಎಂದು ನನಗೆ ಅನ್ನಿಸಿತು.

ಕೆಲಸ ಹುಬ್ಬಳ್ಳಿಯಲ್ಲಿದ್ದರೂ ವಾಸಕ್ಕೆ ನಾನು ಧಾರವಾಡವನ್ನು ಆರಿಸಿಕೊಂಡೆ. 1962ರಲ್ಲಿ ಎರಡೂ ಊರುಗಳನ್ನು ಒಂದೇ ಮಹಾನಗರ ಪಾಲಿಕೆಗೆ ಸೇರಿಸಿದ್ದರೂ, ಇಪ್ಪತ್ತು ಕಿಲೋಮೀಟರ್ ಅಂತರದ ಈ ಅವಳಿಗಳ ಸ್ವಭಾವ ಬೇರೆ. ಹುಬ್ಬಳ್ಳಿ ವ್ಯಾಪಾರದ ಊರು. ಅಮರಗೋಳದ ಎಪಿಎಂಸಿ ಪ್ರಾಂಗಣ, ಸಗಟು ಬಟ್ಟೆಯ ಅಂಗಡಿಗಳು, ನೈಋತ್ಯ ರೈಲ್ವೆಯ ಪ್ರಧಾನ ಕಚೇರಿ ಎಲ್ಲವೂ ಅಲ್ಲಿವೆ. ನಮ್ಮ ಕಚೇರಿಯ ಗಿರಾಕಿಗಳೂ ಅಲ್ಲಿಯವರೇ. ಧಾರವಾಡದಲ್ಲಿ 1917ರ ಕರ್ನಾಟಕ ಕಾಲೇಜು, ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ, ಇತ್ತೀಚಿನ ಐಐಟಿ ಇವೆ. ವಿದ್ಯಾರ್ಥಿಗಳು ಹೆಚ್ಚಿರುವ ಊರಿನಲ್ಲಿ ಒಂಟಿ ಕೋಣೆ, ಅಗ್ಗದ ಊಟ, ಹಳೆಯ ಪುಸ್ತಕ ಮತ್ತು ಸೈಕಲ್ ದೊರೆಯುವುದು ಸುಲಭ. ದೊಡ್ಡ ಸಂಸಾರಗಳಿಗೆ ಕಟ್ಟಿದ ಬಡಾವಣೆಗಳಲ್ಲಿ ಅವಿವಾಹಿತ ಹೆಣ್ಣುಮಗಳೊಬ್ಬಳಿಗೆ ಬಾಗಿಲು ತೆರೆಯುವುದು ನಿಧಾನ.

ಮೊದಲ ಕೆಲವು ತಿಂಗಳು ಸಪ್ತಾಪುರದ ಪಿ.ಜಿ.ಯೊಂದರಲ್ಲಿದ್ದೆ. ಸಪ್ತಾಪುರವೆಂದರೆ ಸ್ಪರ್ಧಾತ್ಮಕ ಪರೀಕ್ಷೆಗಳ ಬೀಡು. ಉತ್ತರ ಕರ್ನಾಟಕದ ಜಿಲ್ಲೆ ಜಿಲ್ಲೆಗಳಿಂದ ಪಿಎಸ್‌ಐ, ಎಫ್‌ಡಿಎ, ಕೆಎಎಸ್‌ನಂಥ ಸರ್ಕಾರಿ ಹುದ್ದೆಗಳ ಕನಸು ಹೊತ್ತು ಬಂದವರು ಇಲ್ಲಿ ಕೋಣೆ ಹಿಡಿದು, ತಿಂಗಳ ಶುಲ್ಕದ ಓದುವ ಕೋಣೆಗಳಲ್ಲಿ ತಡರಾತ್ರಿಯವರೆಗೆ ಕುಳಿತಿರುತ್ತಾರೆ. ಇಡೀ ಬಡಾವಣೆಯ ಬಾಡಿಗೆ, ಊಟ, ಚಹಾ, ಜೆರಾಕ್ಸ್ ಎಲ್ಲದರ ಬೆಲೆಯೂ ಅವರ ಮನೆಯಿಂದ ಬರುವ ಹಣಕ್ಕೆ ತಕ್ಕಂತೆ ನಿಂತಿದೆ. ಹೊಸದಾಗಿ ಸಂಬಳಕ್ಕೆ ಸೇರಿದವರಿಗೂ ಅದರ ಲಾಭ ಸಿಗುತ್ತದೆ. ನೇಮಕಾತಿ ಅಧಿಸೂಚನೆ ತಡವಾದಾಗ ಕೋಣೆಗಳು ಖಾಲಿಯಾಗುವುದನ್ನೂ ನೋಡಿದೆ. ನಮ್ಮ ಅಗ್ಗದ ಬಾಡಿಗೆಯ ಹಿಂದೆ ಅವರ ಕಾಯುವಿಕೆ ಇದೆ ಎಂಬುದು ಅಷ್ಟು ಹಿತವಾದ ಅರಿವಲ್ಲ.

ಪಿ.ಜಿ.ಯಲ್ಲಿದ್ದುಕೊಂಡೇ ಮನೆ ಹುಡುಕಿದೆ, ಮತ್ತು ಹೊಸದಾಗಿ ಬರುವ ಯಾರಿಗಾದರೂ ಇದೇ ಕ್ರಮವನ್ನು ಹೇಳುತ್ತೇನೆ. ಊರಿನಿಂದಲೇ ಫೋನಿನಲ್ಲಿ ಮನೆ ಗೊತ್ತುಮಾಡಿದರೆ ಮುಖ್ಯವಾದ ವಿಷಯ ತಿಳಿಯುವುದೇ ಇಲ್ಲ. ಆ ಮುಖ್ಯ ವಿಷಯ ನೀರು. ಅವಳಿ ನಗರಕ್ಕೆ ನೀರು ಬರುವುದು ಹೆಚ್ಚಾಗಿ ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ. ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರು ಕೊಡುವ ಯೋಜನೆ 2008ರ ಸುಮಾರಿಗೇ ಜಾರಿಯಾಗಿದ್ದರೆ, ಇನ್ನುಳಿದ ಅನೇಕ ಕಡೆ ನೀರು ಬರುವುದು ಹಲವು ದಿನಗಳಿಗೊಮ್ಮೆ. ಒಂದೇ ರಸ್ತೆಯ ಎರಡು ಬದಿಗಳಿಗೂ ಬೇರೆ ಬೇರೆ ಪಾಳಿ ಇರಬಹುದು. ಆದ್ದರಿಂದ ಬಾಡಿಗೆ ಎಷ್ಟು ಎಂದು ಕೇಳುವ ಮೊದಲೇ ‘ನಳ ಎಷ್ಟು ದಿವಸಕ್ಕೊಮ್ಮೆ ಬರ್ತದ್ರಿ?’ ಎಂದು ಕೇಳುವುದನ್ನು ನಾನು ರೂಢಿಸಿಕೊಂಡೆ. ಮಾಲಕರು ಹೇಳಿದ ಉತ್ತರವನ್ನು ಪಕ್ಕದ ಮನೆಯ ಅಕ್ಕನನ್ನು ಕೇಳಿ ತಾಳೆ ನೋಡುತ್ತಿದ್ದೆ. ನೆಲಮಟ್ಟದಲ್ಲಿ ತೊಟ್ಟಿ ಇದೆಯೇ, ಕೊಳವೆಬಾವಿ ಇದೆಯೇ, ನೀರು ಬಂದ ದಿನ ನಾನು ಕಚೇರಿಯಲ್ಲಿದ್ದರೆ ತುಂಬಿಸುವವರು ಯಾರು ಎಂಬುದು ಕೂಡ ಒಂಟಿಯಾಗಿರುವವರಿಗೆ ದೊಡ್ಡ ಪ್ರಶ್ನೆಯೇ. ಎರಡನೆಯದು ವಿದ್ಯುತ್ ಮೀಟರ್. ಬಾಡಿಗೆಯ ಭಾಗಕ್ಕೆ ವಿದ್ಯುತ್ ಕಂಪನಿ ಹೆಸ್ಕಾಂನ ಪ್ರತ್ಯೇಕ ಮೀಟರ್ ಇದೆಯೋ, ಇಲ್ಲವೇ ಮಾಲಕರೇ ಹಾಕಿಸಿದ ಉಪಮೀಟರ್ ಇದೆಯೋ ನೋಡಬೇಕು. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗ ಸ್ವಂತ ಆರ್.ಆರ್. ಸಂಖ್ಯೆ (ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ) ಇದ್ದ ಬಾಡಿಗೆದಾರರು ಸಲೀಸಾಗಿ ನೋಂದಾಯಿಸಿಕೊಂಡರು. ಉಪಮೀಟರಿನವರು ಮಾಲಕರ ಮರ್ಜಿಗೆ ಕಾಯಬೇಕಾಯಿತು.

ಮೂರನೆಯ ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ‘ನೀವು ಯಾರ ಪೈಕಿರಿ?’ ಎಂಬ ಪ್ರಶ್ನೆಯನ್ನು ಅನೇಕ ಬಾಗಿಲುಗಳಲ್ಲಿ ಕೇಳಿದರು. ಅದು ಸಂಬಂಧ ಹುಡುಕುವ ಸೌಜನ್ಯದ ಮಾತಿನಂತೆ ಕಂಡರೂ ಕೇಳುತ್ತಿರುವುದು ಜಾತಿಯನ್ನೇ. ಇಂಥ ಪ್ರಶ್ನೆ ಬೆಂಗಳೂರಿನಲ್ಲಿಯೂ ಇದೆ, ತಿಪಟೂರಿನಲ್ಲಿಯೂ ಇದೆ. ಆದರೆ ಅಗ್ಗದ ಊರು ಎಂಬ ಮಾತನ್ನು ಎಲ್ಲರಿಗೂ ಒಂದೇ ಅರ್ಥದಲ್ಲಿ ಹೇಳಲಾಗದು ಎಂದು ನನಗೆ ಮನವರಿಕೆಯಾದದ್ದು ಇಲ್ಲಿ. ಅದೇ ರಸ್ತೆಯಲ್ಲಿ ನನಗಿಂತ ಹೆಚ್ಚು ಬಾಡಿಗೆ ಕೊಡಲು ಸಿದ್ಧಳಿದ್ದ ಸಹೋದ್ಯೋಗಿಯೊಬ್ಬಳಿಗೆ ಮನೆ ಸಿಗದೆ, ಅವಳು ಎರಡೂ ಊರುಗಳ ನಡುವಿನ ನವನಗರದ ಕಡೆಗೆ ಹೋದಳು.

ನನಗೆ ಕೊನೆಗೆ ಸಿಕ್ಕಿದ್ದು ಧಾರವಾಡದ ಮಾಳಮಡ್ಡಿಯ ಹಳೆಯ ಹಂಚಿನ ಮನೆಯೊಂದರ ಹಿಂಭಾಗ: ಒಂದು ಕೋಣೆ, ಸಣ್ಣ ಅಡುಗೆಮನೆ, ಹಿತ್ತಿಲಿಗೆ ತೆರೆಯುವ ಬಾಗಿಲು. ಬಾಡಿಗೆ 6,000, ಠೇವಣಿ 25,000, ಹನ್ನೊಂದು ತಿಂಗಳ ಕರಾರು. ಬೆಂಗಳೂರಿನ ಗೆಳತಿಯರು ಠೇವಣಿಗೆಂದು ಮನೆಯಿಂದ ಸಾಲ ಪಡೆಯುತ್ತಿದ್ದಾಗ ನಾನು ಇದನ್ನು ನನ್ನ ಉಳಿತಾಯದಿಂದಲೇ ಕೊಟ್ಟೆ. ಮನೆಯ ಒಡತಿ ನಿವೃತ್ತ ಶಿಕ್ಷಕಿ. ಓಣಿಯವರೆಲ್ಲ ಅವರನ್ನು ‘ಅಕ್ಕೋರು’ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ನೀರು ಬಂದ ದಿನ ನನ್ನ ಪಾಲಿನ ಡ್ರಮ್ಮನ್ನು ಅವರು ತುಂಬಿಸುತ್ತಾರೆ. ಪ್ರತಿಯಾಗಿ ಅವರ ಪಿಂಚಣಿ, ಆದಾಯ ತೆರಿಗೆ, ಬ್ಯಾಂಕಿನ ಕಾಗದಗಳೆಲ್ಲ ನನ್ನ ಜವಾಬ್ದಾರಿ.

ಓಡಾಟದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 2018ರಲ್ಲಿ ಶುರುವಾದ ಬಿಆರ್‌ಟಿಎಸ್‌ನ ‘ಚಿಗರಿ’ ಬಸ್ಸುಗಳು ಎರಡೂ ಊರುಗಳ ನಡುವೆ ತಮ್ಮದೇ ಪಥದಲ್ಲಿ ಓಡುತ್ತವೆ. ಧಾರವಾಡದ ಟೋಲ್‌ನಾಕಾದಲ್ಲಿ ಹತ್ತಿದರೆ ವಿದ್ಯಾನಗರದವರೆಗೆ ಕೂಡುವ ಜಾಗ ಸಿಗದಿದ್ದರೂ ಸಮಯ ಮಾತ್ರ ಹೆಚ್ಚುಕಡಿಮೆಯಾಗುವುದಿಲ್ಲ. ಆ ಪಥಕ್ಕೆಂದು ರಸ್ತೆಯ ಉಳಿದ ಭಾಗ ಕಿರಿದಾಯಿತೆಂದು ಸ್ಥಳೀಯರು ಬೈಯುವುದು ನಿಜ, ಅದರಲ್ಲಿ ಹುರುಳೂ ಇದೆ. ವಾಹನವಿಲ್ಲದ ನನ್ನಂಥವರಿಗೆ ಆ ಪಥವೇ ಸಂಜೆಯನ್ನು ಉಳಿಸಿಕೊಟ್ಟಿತು. ಊರಿಗೆ ಹೋಗುವಾಗ ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ರೈಲು ಹತ್ತುತ್ತೇನೆ. ಅಲ್ಲಿನ 1,507 ಮೀಟರ್ ಉದ್ದದ, ಜಗತ್ತಿನಲ್ಲಿಯೇ ಅತಿ ಉದ್ದವೆನಿಸಿದ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಬೋಗಿ ಯಾವ ತುದಿಗೆ ಬರುತ್ತದೆಂದು ಮೊದಲೇ ವಿಚಾರಿಸಿಕೊಳ್ಳದಿದ್ದರೆ ಬೆವರು ಖಚಿತ.

ಊಟದಲ್ಲಿ ಉಳಿತಾಯ ತಾನಾಗಿಯೇ ಆಯಿತು. ಇಲ್ಲಿ ಖಾನಾವಳಿಗಳಲ್ಲಿ ತಿಂಗಳ ಲೆಕ್ಕದ ಊಟವಿದೆ, ಮನೆಗೆ ಡಬ್ಬಿ ಕಳಿಸುವವರಿದ್ದಾರೆ, ಜೋಳದ ರೊಟ್ಟಿಯನ್ನು ಎಣಿಕೆಯ ಮೇಲೆ ಮಾರುವ ಹೆಣ್ಣುಮಕ್ಕಳ ಅಂಗಡಿಗಳು ಓಣಿಗೊಂದಿವೆ. ಕಡಕ್ ರೊಟ್ಟಿ ವಾರಗಟ್ಟಲೆ ಕೆಡದು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು ಇದ್ದರೆ ರಾತ್ರಿಯ ಒಲೆ ಹಚ್ಚುವ ಕೆಲಸವೇ ಇಲ್ಲ. ಮುದ್ದೆಯ ಸೀಮೆಯಿಂದ ಬಂದ ನನಗೆ ಮೊದಲು ಹೊಟ್ಟೆ ತುಂಬಿದಂತೆ ಅನ್ನಿಸುತ್ತಿರಲಿಲ್ಲ. ಎಣ್ಣೆಗಾಯಿ ರೂಢಿಯಾದ ಮೇಲೆ ಆ ದೂರು ಹೋಯಿತು.

ಇನ್ನು ಊರಿನ ಗೆಲುವಿನ, ಅಂದರೆ ಲವಲವಿಕೆಯ, ಮಾತು. ಇದರ ಬಗ್ಗೆ ಬರೆಯಬೇಕೆಂದೇ ಮುಖ್ಯವಾಗಿ ಕುಳಿತಿದ್ದೇನೆ. ಮಾಲ್, ಪಬ್, ರಾತ್ರಿ ತೆರೆದಿರುವ ಕೆಫೆಗಳನ್ನು ಎಣಿಸಿ ಊರಿನ ಜೀವಂತಿಕೆಯನ್ನು ಅಳೆಯುವವರಿಗೆ ಧಾರವಾಡ ಎಂಟು ಗಂಟೆಗೆ ಮಲಗುವ ಊರು. ಆದರೆ ಕೆಲಸದ ದಿನದ ಸಂಜೆ, ಟಿಕೆಟ್ಟಿಲ್ಲದೆ, ನಡೆದುಕೊಂಡು ಹೋಗಿ ಸೇರಬಹುದಾದ ಸಭೆಗಳನ್ನು ಎಣಿಸಿದರೆ ಇಂಥ ಊರು ಕರ್ನಾಟಕದಲ್ಲಿ ಅಪರೂಪ. ರಾ.ಹ. ದೇಶಪಾಂಡೆಯವರು 1890ರಲ್ಲಿ ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ದತ್ತಿ ಉಪನ್ಯಾಸಗಳು ವರ್ಷವಿಡೀ ನಡೆಯುತ್ತವೆ. ಸಾಧನಕೇರಿಯ ಬೇಂದ್ರೆ ಭವನದಲ್ಲಿ ಕಾವ್ಯದ ಕಾರ್ಯಕ್ರಮಗಳು, ಜನವರಿ 31ಕ್ಕೆ ಕವಿಯ ಹುಟ್ಟುಹಬ್ಬ. ನಾಟಕಕ್ಕೆ ರಂಗಾಯಣವಿದೆ, ಸೃಜನಾ ರಂಗಮಂದಿರವಿದೆ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕವಾಗಿದೆ. ಅವರ ಹೆಸರಿನಲ್ಲಿ, ಸಿತಾರ್‌ರತ್ನ ರಹಿಮತ್ ಖಾನರ ಹೆಸರಿನಲ್ಲಿ ನಡೆಯುವ ಸಂಗೀತ ಕಛೇರಿಗಳಿಗೆ ಹೊರ ಊರುಗಳ ದೊಡ್ಡ ಕಲಾವಿದರು ಬರುತ್ತಾರೆ. ಖಯಾಲ್ ಗಾಯನದ ನಿಧಾನಗತಿಯಾದ ವಿಲಂಬಿತವೆಂದರೆ ಏನೆಂದೇ ಅರಿಯದೆ ಹೋಗಿ ಕುಳಿತ ನನಗೆ, ಪಕ್ಕದಲ್ಲಿ ಕುಳಿತಿದ್ದ ಕಾಕಾ ಒಬ್ಬರು ತಾಳದ ಆವರ್ತದ ಮೊದಲ ಮಾತ್ರೆಯಾದ ಸಮ್ ಬಂದಾಗಲೆಲ್ಲ ನನ್ನ ಕಡೆ ತಿರುಗಿ ಬೆರಳೆತ್ತಿ ತೋರಿಸುತ್ತಿದ್ದರು. ಯಾವ ಸಂಗೀತ ಶಾಲೆಯೂ ಅಷ್ಟು ಬೇಗ ತಾಳ ಕಲಿಸಲಾರದು.

ಆದರೆ ಈ ಗೆಲುವು ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಕಾರ್ಯಕ್ರಮಗಳ ಸುದ್ದಿ ಸ್ಥಳೀಯ ಪತ್ರಿಕೆಯ ‘ನಗರದಲ್ಲಿ ಇಂದು’ ಬಗೆಯ ಸಣ್ಣ ಅಂಕಣದಲ್ಲಿ, ಇಲ್ಲವೇ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸಿಗುತ್ತದೆ; ಆ ಗುಂಪಿಗೆ ಸೇರಿಸಿ ಎಂದು ಸಭೆ ಮುಗಿದ ಮೇಲೆ ಸಂಘಟಕರನ್ನು ನಾವೇ ಹೋಗಿ ಕೇಳಬೇಕು. ಸಭಿಕರಲ್ಲಿ ಹೆಚ್ಚಿನವರು ನಿವೃತ್ತರು. ಇಪ್ಪತ್ತೆರಡು ವರ್ಷದ ಹುಡುಗಿ ಎರಡು ಸಲ ಕಂಡರೆ ಮೂರನೆಯ ಸಲಕ್ಕೆ ಅವಳ ಹೆಸರು, ಊರು, ಕೆಲಸ ಎಲ್ಲರಿಗೂ ಗೊತ್ತಾಗಿರುತ್ತದೆ. ಮೊದಲ ಒಂದು ಗಂಟೆ ಸ್ವಾಗತ, ಹಾರ, ಶಾಲು, ಪ್ರಾಸ್ತಾವಿಕ ನುಡಿಗಳಿಗೆ ಮೀಸಲು. ನಾನು ತುಸು ತಡವಾಗಿ ಹೋಗುವುದನ್ನು ಕಲಿತೆ. ಜಿಎಸ್‌ಟಿ ಗಡುವಿನ 10, 11 ಮತ್ತು 19, 20ನೇ ತಾರೀಖುಗಳಂದು ಮಾತ್ರ ಎಂಥ ಗವಾಯಿ ಬಂದರೂ ನನಗೆ ಕೇಳುವ ಭಾಗ್ಯವಿಲ್ಲ.

ಓಣಿಯ ಹಬ್ಬಗಳು ಬೇರೆ. ನಾಗರ ಪಂಚಮಿಗೆ ಜೋಕಾಲಿ ಮತ್ತು ಉಂಡಿ, ಹೋಳಿಯ ಮುಂದಿನ ದಿನಗಳಲ್ಲಿ ಹುಬ್ಬಳ್ಳಿಯ ರಂಗಪಂಚಮಿ, ಗಣೇಶ ಚೌತಿ, ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ. ಕೃಷಿ ಮೇಳಕ್ಕೆ ನಾನು ಹೋದದ್ದು ನಮ್ಮ ಗಿರಾಕಿಗಳ ಮಳಿಗೆ ನೋಡಲೆಂದು. ಅಲ್ಲಿ ಸಿಕ್ಕ ಬೀಜದ ವ್ಯಾಪಾರಿಯೊಬ್ಬರು ಆಮೇಲೆ ನಮ್ಮ ಕಚೇರಿಗೆ ಲೆಕ್ಕ ತಂದುಕೊಟ್ಟರು. ಸಣ್ಣ ಊರಿನಲ್ಲಿ ಸಂಜೆಯ ಪರಿಚಯಕ್ಕೂ ಹಗಲಿನ ಕೆಲಸಕ್ಕೂ ನಡುವೆ ಗೋಡೆ ಇಲ್ಲ. ಇದರಿಂದ ಲಾಭವಿದೆ, ಗಿರಾಕಿಯೊಬ್ಬರೊಡನೆ ಮನಸ್ತಾಪವಾದರೆ ಅದು ಖಾನಾವಳಿಯವರೆಗೂ ಬರುತ್ತದೆ ಎಂಬ ಕಿರಿಕಿರಿಯೂ ಇದೆ.

ಅಪ್ಪನ ಪ್ರಶ್ನೆಗೆ ಉತ್ತರ: ಇಲ್ಲ, ಎರಡೂ ಕಡೆ ಸಂಬಳ ಒಂದೇ ಸಮ ಏರುವುದಿಲ್ಲ. ಬೆಂಗಳೂರಿಗೆ ಹೋದ ಗೆಳತಿಯರು ಕಚೇರಿ ಬದಲಿಸಿ ಬದಲಿಸಿ ನನಗಿಂತ ಬಹಳ ಮುಂದೆ ಹೋಗಿದ್ದಾರೆ. ಇಲ್ಲಿ ಬದಲಿಸಲು ಕಚೇರಿಗಳೇ ಕಡಿಮೆ, ಮೇಲಿನ ಸ್ಥಾನ ಖಾಲಿಯಾಗುವುದು ಇನ್ನೂ ಕಡಿಮೆ. ನನ್ನ ಅನುಭವದಲ್ಲಿ ಮೊದಲ ಎರಡು ಮೂರು ವರ್ಷ ಧಾರವಾಡದ ಲೆಕ್ಕವೇ ಮೇಲು. ಆಮೇಲೆ ಅದು ಮೇಲಾಗಿ ಉಳಿಯಬೇಕಾದರೆ ಸಂಬಳದ ಆಚೆಗೆ ಸ್ವಂತ ಗಿರಾಕಿಗಳು ಬೇಕು. ನಾನು ಕಚೇರಿಯ ಒಪ್ಪಿಗೆ ಪಡೆದು, ಅಕ್ಕೋರ ಪರಿಚಯದ ನಿವೃತ್ತ ಶಿಕ್ಷಕರ ಆದಾಯ ತೆರಿಗೆ ವಿವರಗಳನ್ನು ಸಲ್ಲಿಸಿಕೊಡುತ್ತೇನೆ. ಈ ಸಣ್ಣ ಆದಾಯ ಬಾಡಿಗೆಯ ಬಹುಭಾಗವನ್ನು ಹೊರುತ್ತದೆ. ಯಾವ ಕೆಲಸದ ಗಿರಾಕಿಗಳು ಊರಿನಲ್ಲಿಯೇ ಇದ್ದಾರೋ ಆ ಕೆಲಸದವರಿಗೆ ಈ ಊರು ಒದಗುತ್ತದೆ. ದೊಡ್ಡ ಕಂಪನಿಯ ಏಣಿ ಹತ್ತುವುದೇ ಗುರಿಯಾದವರಿಗೆ ನಾನು ಇಲ್ಲಿಗೆ ಬನ್ನಿ ಎಂದು ಹೇಳುವುದಿಲ್ಲ.

ಬರುವವರು ಮೇ ತಿಂಗಳಲ್ಲಿ ಬರುವುದು ಒಳ್ಳೆಯದು. ಜುಲೈ 31ರ ಆದಾಯ ತೆರಿಗೆ ಗಡುವು ಮತ್ತು ಸೆಪ್ಟೆಂಬರ್ 30ರ ಆಡಿಟ್ ಗಡುವಿಗೆ ಮುಂಚೆ ನಮ್ಮಂಥ ಕಚೇರಿಗಳು ಕೈಜೋಡಿಸುವ ಕೆಲಸಗಾರರನ್ನು ಹುಡುಕುತ್ತಿರುತ್ತವೆ. ಕಾಲೇಜುಗಳು ಶುರುವಾಗಿ ಕೋಣೆಗಳು ತುಂಬುವುದಕ್ಕೆ ಆಗಿನ್ನೂ ಸಮಯವಿರುತ್ತದೆ, ಬಾಡಿಗೆಯಲ್ಲಿ ಚೌಕಾಸಿಗೂ ಎಡೆಯಿರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಮಳೆಗಾಲದಲ್ಲಿ ಎಲ್ಲ ಮನೆಗಳ ನಳವೂ ಚೆನ್ನಾಗಿಯೇ ಕಾಣುತ್ತದೆ. ಯಾವ ಮನೆಯಲ್ಲಿ ನಿಜವಾಗಿ ನೀರಿದೆ ಎಂಬುದನ್ನು ಮೇ ತಿಂಗಳಲ್ಲಿ ಯಾರೂ ಮುಚ್ಚಿಡಲಾರರು.