ಎದುರಿಗೆ ಹೇಳದವರ ಬಾಯಿ ಬಿಡಿಸುವುದು ಹೇಗೆ?

ಮುಂದಾಳುವಿನ ಗುಣ-ದೋಷ ಜತೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅದನ್ನು ಮನಸ್ತಾಪವಿಲ್ಲದೆ ಕೇಳಿ ತಿಳಿದುಕೊಳ್ಳಲು ಇಲ್ಲೊಂದು ಕ್ರಮ.

ಸ್ವಸಹಾಯ ಸಂಘದ ಅಧ್ಯಕ್ಷೆ, ಸೊಸೈಟಿಯ ನಿರ್ದೇಶಕ, ಹಳ್ಳಿ ಶಾಲೆಯ ಹೆಡ್ಮಾಸ್ತರು, ಶಿವಮೊಗ್ಗ ಬಳಿಯ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಒಂದು ಪಾಳಿಯ ಹೊಣೆ ಹೊತ್ತ ಸೂಪರ್‌ವೈಸರ್, ಎಲ್ಲರದ್ದೂ ಒಂದೇ ಕಷ್ಟ. ತಮ್ಮ ಬಗ್ಗೆ ಊರಿಗೆಲ್ಲ ಗೊತ್ತಿರುವುದು ತಮಗೆ ಮಾತ್ರ ಗೊತ್ತಿರುವುದಿಲ್ಲ. ಸಭೆಯಲ್ಲಿ "ಎಂತದೂ ಇಲ್ಲ ಮಾರಾಯ್ರೆ, ಎಲ್ಲ ಚೆನ್ನಾಗೇ ನಡೀತಿದೆ" ಎಂದವರೇ ವಾಪಸು ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅರ್ಧ ಗಂಟೆ ಅದನ್ನೇ ಮಾತಾಡುತ್ತಾರೆ. ಇದನ್ನು ಕಪಟ ಎನ್ನಲಾಗದು. ನಾಳೆ ಅವರ ಮನೆಯ ಮದುವೆಗೆ ಹೋಗಬೇಕು, ಅಡಿಕೆ ಕೊನೆ ಕೊಯ್ಲಿಗೆ ಅವರ ಮನೆಯಿಂದಲೇ ಮುಯ್ಯಾಳು ಬರಬೇಕು. ಇಂಥ ಊರಲ್ಲಿ ದಾಕ್ಷಿಣ್ಯ ಬಿಟ್ಟು ಮಾತಾಡುವವರು ಯಾರು?

ಹಾಗಾಗಿ "ಏನೂ ಸಂಕೋಚ ಬೇಡ, ಮುಕ್ತವಾಗಿ ಹೇಳಿ" ಎಂದು ಸಭೆಯಲ್ಲಿ ಕೇಳಿಕೊಂಡರೆ ನಾಲ್ಕು ಜನ ಸೀರೆ ಸೆರಗು ಸರಿಮಾಡಿಕೊಳ್ಳುತ್ತಾರೆ, ಅಷ್ಟೇ. ಹೇಳುವುದು ಅವರಿಗೆ ಸಲೀಸಾಗುವಂತೆ ಕೇಳುವ ಕೆಲಸ ಮುಂದಾಳುವಿನದು. ದೊಡ್ಡ ಕಂಪನಿಗಳಲ್ಲಿ '360 ಡಿಗ್ರಿ ಫೀಡ್‌ಬ್ಯಾಕ್' ಎಂದು ಮೇಲಿನವರು, ಸರೀಕರು, ಕೈಕೆಳಗಿನವರು ಹೀಗೆ ಎಲ್ಲ ಕಡೆಯಿಂದಲೂ ಅಭಿಪ್ರಾಯ ತರಿಸುತ್ತಾರೆ. ನಮಗೆ ಅಷ್ಟು ಬೇಕಿಲ್ಲ. ಜತೆಯಲ್ಲಿ ದುಡಿಯುವ ಐದಾರು ಮಂದಿಯ ಮಾತು ಸಾಕು.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹೊಸನಗರದ ಕಡೆಯ ಒಂದು ಮಹಿಳಾ ಸಂಘ, ಹದಿನೈದು ಸದಸ್ಯೆಯರು ಎಂದುಕೊಳ್ಳಿ. ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದದ್ದು 2000-01ರಲ್ಲಿ. ಆಗ ಕಟ್ಟಿದ ಸಂಘವಾದರೆ ಕಾಲು ಶತಮಾನದ ಅನುಭವವಿದೆ, ಉಳಿತಾಯ ಸರಿಯಾಗಿದೆ, ಸಾಲ ವಾಪಸಾಗುತ್ತಿದೆ. ಅಧ್ಯಕ್ಷೆ ಗಟ್ಟಿಗಿತ್ತಿ. ಆದರೆ ಈಚೆಗೆ ಸಭೆಗೆ ಬರುವವರು ಕಡಿಮೆ, ಬಂದವರೂ ಸಹಿ ಹಾಕಿ ಎದ್ದು ಹೋಗುತ್ತಾರೆ. ಏಕೆಂದು ಅಧ್ಯಕ್ಷೆಗೆ ಹೊಳೆಯುತ್ತಿಲ್ಲ.

ಮೊದಲು ನಿಮ್ಮದೇ ಚೀಟಿ

ಯಾರನ್ನೂ ಕೇಳುವ ಮುಂಚೆ ಅರ್ಧ ಪುಟ ಬರೆಯಿರಿ. ಮುಂದಾಳಾಗಿ ನನ್ನ ಮೂರು ಬಲ, ಎರಡು ಕೊರತೆ. ಪ್ರತಿಯೊಂದರ ಎದುರಿಗೂ ಅದು ಕಂಡ ಒಂದು ಸಂದರ್ಭ ಬರೆಯಿರಿ. ಸಂದರ್ಭ ನೆನಪಾಗದಿದ್ದರೆ ಆ ಗುಣವನ್ನು ಹೊಡೆದುಹಾಕಿ, ಅದು ನೀವು ಅಂದುಕೊಂಡದ್ದು ಅಷ್ಟೇ. ನಮ್ಮ ಅಧ್ಯಕ್ಷೆ "ಎಲ್ಲರನ್ನೂ ಒಟ್ಟಿಗೆ ಕರೆದುಕೊಂಡು ಹೋಗುತ್ತೇನೆ" ಎಂದು ಬರೆದಿದ್ದಾರೆ ಎನ್ನಿ. ಎಲ್ಲಿಗೆ, ಯಾವಾಗ? ಆ ಜಾಗ ಖಾಲಿ ಉಳಿದರೆ ಅಲ್ಲೇ ಒಂದು ಪಾಠ ಆಯಿತು. ಚೀಟಿ ಮಡಚಿ ಎತ್ತಿಡಿ. ಬೇರೆಯವರ ಮಾತು ಕೇಳಿದ ಮೇಲೆ "ಇದು ನನಗೆ ಮೊದಲೇ ಗೊತ್ತಿತ್ತು" ಎನ್ನಿಸುವುದು ಸಹಜ. ನಿಜಕ್ಕೂ ಗೊತ್ತಿತ್ತೇ ಎಂದು ಚೀಟಿ ಹೇಳುತ್ತದೆ.

ಯಾರನ್ನು ಕೇಳಬೇಕು

ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರನ್ನು. ಗೌರವ ಕೊಡುವವರೆಲ್ಲ ಈ ಲೆಕ್ಕಕ್ಕೆ ಬರುವುದಿಲ್ಲ. ಸಂಬಂಧಿಕರನ್ನು ಬಿಡಿ. ನಿಮ್ಮಿಂದ ಸಾಲ ಮಂಜೂರಾಗಬೇಕಾದವರನ್ನು, ನೀವು ರಜೆ ಕೊಡಬೇಕಾದವರನ್ನು ಈ ಬಾರಿ ಕೇಳಬೇಡಿ; ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತಾಗುತ್ತದೆ. ಸಭೆಯಲ್ಲಿ ನಿಮ್ಮ ಮಾತಿಗೆ ಅಡ್ಡ ಮಾತಾಡುವ ಒಬ್ಬರಾದರೂ ಪಟ್ಟಿಯಲ್ಲಿರಲಿ. ಹೆಚ್ಚು ಮಾತಾಡದೆ ಮೂಲೆಯಲ್ಲಿ ಕೂರುವ ಒಬ್ಬರೂ ಇರಲಿ, ಗಮನಿಸುವುದು ಅವರೇ. ಹೆಸರಿಲ್ಲದೆ ಬರೆಸುವುದಾದರೆ ಮೂವರಿಗಿಂತ ಕಡಿಮೆ ಬೇಡ. ಇಬ್ಬರೇ ಇದ್ದರೆ ಯಾರು ಬರೆದದ್ದೆಂದು ಊಹಿಸುವುದರಲ್ಲೇ ನಿಮ್ಮ ರಾತ್ರಿ ಕಳೆಯುತ್ತದೆ.

ಏನು ಕೇಳಬೇಕು

ಇಡೀ ಪ್ರಯೋಗ ಗೆಲ್ಲುವುದೂ ಸೋಲುವುದೂ ಇಲ್ಲೇ. "ನನ್ನ ನಾಯಕತ್ವ ಹೇಗಿದೆ?" ಎಂದು ಕೇಳಿದರೆ ಹೊಗಳಿಕೆ ಬರುತ್ತದೆ. "ನನ್ನ ದೋಷ ಏನು?" ಎಂದರೆ ಮೌನ ಬರುತ್ತದೆ, ಇಲ್ಲವೇ "ಸ್ವಲ್ಪ ಸಿಟ್ಟು ಜಾಸ್ತಿ" ಎಂಬ, ಯಾರಿಗೆ ಹೇಳಿದರೂ ಒಪ್ಪುವ ಮಾತು. ಎರಡರಿಂದಲೂ ನಾಳೆ ಬೆಳಿಗ್ಗೆ ಮಾಡಬೇಕಾದ್ದು ಏನೆಂದು ತಿಳಿಯುವುದಿಲ್ಲ.

ಇದಕ್ಕೆ ಸಂಶೋಧನೆಯ ಆಧಾರವೂ ಇದೆ. ಅವ್ರಹಾಂ ಕ್ಲೂಗರ್ ಮತ್ತು ಆಂಜೆಲೊ ಡೆನಿಸಿ ಎಂಬಿಬ್ಬರು ಸಂಶೋಧಕರು ಫೀಡ್‌ಬ್ಯಾಕ್ ಕುರಿತ ಹಲವಾರು ದಶಕಗಳ ಅಧ್ಯಯನಗಳನ್ನು ಒಟ್ಟುಮಾಡಿ 1996ರಲ್ಲಿ ವಿಶ್ಲೇಷಣೆ ಪ್ರಕಟಿಸಿದರು. ಸರಾಸರಿಯಲ್ಲಿ ಲಾಭವೇ ಕಂಡಿತು. ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರಸಂಗಗಳಲ್ಲಿ ಅಭಿಪ್ರಾಯ ಕೇಳಿದ ಮೇಲೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಗಮನ ಕೆಲಸದ ಮೇಲಿಂದ ಜಾರಿ "ನಾನು ಎಂಥವನು" ಎಂಬ ಕಡೆ ಹೋದಷ್ಟೂ ಪ್ರಯೋಜನ ಕುಗ್ಗುತ್ತದೆ ಎಂಬುದು ಅವರ ವಿವರಣೆ.

ಗಮನವನ್ನು ಕೆಲಸದ ಮೇಲೇ ಇಡುವುದಕ್ಕೆ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಒಳ್ಳೆಯ ಮಾದರಿ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂನ ಸಂಸ್ಕೃತಿ ಶಿಬಿರಕ್ಕೆ ಹೋದವರಿಗೆ ಗೊತ್ತು: ಹಿಂದಿನ ರಾತ್ರಿ ನೋಡಿದ ನಾಟಕದ ಬಗ್ಗೆ ಮರುದಿನ ಕೂತು ಚರ್ಚೆ ಮಾಡುತ್ತಾರೆ. ಆ ದೃಶ್ಯ ಎಳೆಯಿತು, ಈ ಮಾತು ಹಿಂದಿನ ಸಾಲಿಗೆ ಕೇಳಲಿಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ಅಲ್ಲಿ ಮಾತು ನಾಟಕದ ಮೇಲೆ ನಿಂತಿರುತ್ತದೆ, ನಟನ ಜಾತಕದ ಮೇಲಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ ಬಾಯಿ ಬಿಡುವ ನಮ್ಮ ಜನವೇ ಅಂಥ ಕಡೆ ಮೈಕು ಹಿಡಿದು ಮಾತಾಡುತ್ತಾರೆ.

ಆದ್ದರಿಂದ ಸ್ವಭಾವ ಬಿಟ್ಟು ನಡೆದ ಸಂಗತಿ ಕೇಳಿ. ಮೂರು ಪ್ರಶ್ನೆ ಸಾಕು:

ಕಳೆದ ಮೂರು ತಿಂಗಳಲ್ಲಿ ನಾನು ಮಾಡಿದ ಯಾವ ಒಂದು ಕೆಲಸದಿಂದ ನಿಮಗೆ ಅನುಕೂಲವಾಯಿತು?

ಯಾವ ಹೊತ್ತಿನಲ್ಲಿ ನನ್ನಿಂದಾಗಿ ನಿಮ್ಮ ಕೆಲಸ ನಿಂತಿತು, ಅಥವಾ ಹೇಳಬೇಕಾದ ಮಾತು ಬಾಯಲ್ಲೇ ಉಳಿಯಿತು?

ಮುಂದಿನ ಸಭೆಯಲ್ಲಿ ನಾನು ಒಂದೇ ಒಂದು ರೀತಿ ಬದಲಾಯಿಸುವುದಾದರೆ ಯಾವುದನ್ನು ಬದಲಾಯಿಸಲಿ?

ಮೂರನೆಯದೇ ನನ್ನ ಮಟ್ಟಿಗೆ ಚಿನ್ನದಂಥ ಪ್ರಶ್ನೆ. ಆದದ್ದನ್ನು ಆಡಿಕೊಳ್ಳಲು ಹಿಂಜರಿಯುವವರು ಆಗಬೇಕಾದ್ದನ್ನು ಹೇಳಲು ಹಿಂಜರಿಯುವುದಿಲ್ಲ. ಉತ್ತರ ಹೇಗಿರಬೇಕೆಂದು ಕೇಳಿದರೆ ಒಂದು ಸರಳ ಅಚ್ಚು ಕೊಡಿ: ಯಾವಾಗ, ನೀವು ಏನು ಮಾಡಿದಿರಿ, ಅದರಿಂದ ನನಗೆ ಏನಾಯಿತು. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಎಂಬ ಸಂಸ್ಥೆ ತರಬೇತಿಗಳಲ್ಲಿ ಕಲಿಸುವ ಅಚ್ಚು ಇದು. ಅಂಗನವಾಡಿ ಜಗಲಿಗೂ ಹೊಂದುತ್ತದೆ.

ಹೇಗೆ ತರಿಸಿಕೊಳ್ಳಬೇಕು

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಖಂಡಿತ ಬೇಡ. ಒಬ್ಬರು ಹೂವಿನ ಚಿತ್ರ ಹಾಕುತ್ತಾರೆ, ಉಳಿದವರೆಲ್ಲ ಅದೇ ಹೂವನ್ನು ಹಾಕುತ್ತಾರೆ. ಪಟ್ಟಣದ ಕಚೇರಿಗಾದರೆ ಗೂಗಲ್ ಫಾರ್ಮ್ ಸರಿ. ನೆಟ್‌ವರ್ಕಿಗಾಗಿ ಗುಡ್ಡ ಹತ್ತಬೇಕಾದ ಊರಲ್ಲಿ ಕಾಗದವೇ ಗಟ್ಟಿ. ಆದರೆ ಹದಿನೈದು ಜನರ ಸಂಘದಲ್ಲಿ ಹೆಸರು ಬರೆಯದಿದ್ದರೂ ಕೈಬರಹ ಹೇಳಿಬಿಡುತ್ತದೆ. ಬರೆಯಲು ಬಾರದವರೂ ಇರುತ್ತಾರೆ. ಅದಕ್ಕೆ ಮಧ್ಯೆ ಒಬ್ಬರು ಬೇಕು. ಊರಿನ ಲೆಕ್ಕಾಚಾರಗಳಲ್ಲಿ ಇಲ್ಲದ, ಎಲ್ಲರೂ ನಂಬುವ ಒಬ್ಬರು: ಬೇರೆ ಊರಿನಿಂದ ಬಂದ ಟೀಚರ್, ನಿವೃತ್ತ ಪೋಸ್ಟ್‌ಮಾಸ್ಟರ್, ಪಕ್ಕದ ಊರಿನ ಸಂಘದ ಕಾರ್ಯದರ್ಶಿ. ಅವರು ಒಬ್ಬೊಬ್ಬರನ್ನೇ ಕೂರಿಸಿ ಕೇಳಿ, ತಮ್ಮ ಕೈಬರಹದಲ್ಲಿ, ತಮ್ಮ ಮಾತಿನಲ್ಲಿ ಬರೆದುಕೊಡಲಿ. ಯಾರು ಹೇಳಿದ್ದೆಂದು ಅವರನ್ನು ನೀವು ಯಾವತ್ತೂ ಕೇಳಬಾರದು, ನೆಂಟರ ಮನೆಯಲ್ಲಿ ಎಲೆ-ಅಡಿಕೆ ಹಾಕುತ್ತಾ ಕೂತಾಗಲೂ ಸಹ. ಕೆಲಸ ಮುಗಿದ ಮೇಲೆ ಆ ಹಾಳೆಗಳು ಬಚ್ಚಲೊಲೆ ಸೇರಲಿ.

ಸಮಯದ ಬಗ್ಗೆ ಎರಡು ಮಾತು. ಕೊನೆ ಕೊಯ್ಲು, ಅಡಿಕೆ ಸುಲಿಯುವ ಕೆಲಸ ನಡೆಯುವಾಗ ಯಾರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿರುವುದಿಲ್ಲ. ಆಡಳಿತ ಮಂಡಳಿಯ ಚುನಾವಣೆ ಹತ್ತಿರ ಬಂದಾಗ ಇದನ್ನು ಮಾಡಲೇಬೇಡಿ. ಬಂದ ಪ್ರತಿ ಮಾತೂ ಓಟಿನ ಲೆಕ್ಕವಾಗುತ್ತದೆ.

ಓದುವಾಗ, ಕೇಳುವಾಗ

ಎದುರಾಎದುರು ಕೂತು ಕೇಳುವ ಧೈರ್ಯ ಎರಡೂ ಕಡೆ ಇದ್ದರೆ ಒಳ್ಳೆಯದೇ. ಆಗ ನಿಮ್ಮ ಬಾಯಿಂದ ಬರಬೇಕಾದ ಮಾತು ಎರಡೇ: "ಯಾವತ್ತು ಆದದ್ದು?" ಮತ್ತು "ಇನ್ನು ಸ್ವಲ್ಪ ಬಿಡಿಸಿ ಹೇಳ್ತೀರಾ?" ಮಿಕ್ಕ ಹೊತ್ತು ಬರೆದುಕೊಳ್ಳಿ. "ಹೌದು, ಆದ್ರೆ ಅವತ್ತು ಎಂತಾಯ್ತು ಅಂದ್ರೆ..." ಎಂದು ಶುರುಮಾಡಿದಿರೋ, ಅಲ್ಲಿಗೆ ಮುಗಿಯಿತು. ನೀವು ಹೇಳುವುದು ನಿಜವೇ ಇರಬಹುದು, ಎದುರಿನವರು ಮಾತ್ರ ಇನ್ನೊಮ್ಮೆ ಬಾಯಿ ಬಿಡುವುದಿಲ್ಲ. ಚೀಟಿಯಲ್ಲಿ ಓದಿದರೂ ಅಷ್ಟೇ, ಎರಡು ರಾತ್ರಿ ಕಳೆಯುವವರೆಗೆ ಯಾರಿಗೂ ಉತ್ತರ ಕೊಡಬೇಡಿ.

ಆಮೇಲೆ, ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಆರಿಸುವ ಹಾಗೆ, ಬಂದ ಮಾತುಗಳನ್ನು ಬೇರೆ ಬೇರೆ ಮಾಡಿ. ಇದಕ್ಕೆ ಜೋಸೆಫ್ ಲುಫ್ಟ್ ಮತ್ತು ಹ್ಯಾರಿ ಇಂಗಮ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1955ರಲ್ಲಿ ರೂಪಿಸಿದ 'ಜೊಹಾರಿ ಕಿಟಕಿ' ಅನುಕೂಲ. ನಾಲ್ಕು ಮನೆಗಳ ಒಂದು ಚೌಕ ಎಳೆಯಿರಿ. ನಿಮಗೂ ಇತರರಿಗೂ ಗೊತ್ತಿರುವುದು ಒಂದು ಮನೆ, ನಿಮಗೆ ಮಾತ್ರ ಗೊತ್ತಿರುವುದು ಇನ್ನೊಂದು, ಇತರರಿಗೆ ಮಾತ್ರ ಕಾಣುವುದು ಮೂರನೆಯದು, ಯಾರಿಗೂ ಗೊತ್ತಿಲ್ಲದ್ದು ನಾಲ್ಕನೆಯದು. ಎತ್ತಿಟ್ಟ ನಿಮ್ಮ ಚೀಟಿಯನ್ನು ಈಗ ಬಿಚ್ಚಿ. ಅದರಲ್ಲಿಲ್ಲದೆ ಇತರರ ಮಾತಿನಲ್ಲಿ ಮಾತ್ರ ಇರುವುದೆಲ್ಲ ಮೂರನೆಯ ಮನೆಗೆ ಹೋಗುತ್ತದೆ. ನೀವು ಇಷ್ಟೆಲ್ಲ ಪಾಡುಪಟ್ಟದ್ದು ಆ ಮನೆಗಾಗಿ.

ನಮ್ಮ ಅಧ್ಯಕ್ಷೆಯ ಆ ಮನೆಯಲ್ಲಿ ಏನಿರಬಹುದು? ಒಂದು ಚೀಟಿ: "ಬ್ಯಾಂಕಿನಲ್ಲಿ ಅಕ್ಕ ಪಕ್ಕದಲ್ಲಿ ನಿಂತಿದ್ರೆ ಮ್ಯಾನೇಜರ್ ಹತ್ರ ಮಾತಾಡೋಕೆ ಹೆದರಿಕೆ ಆಗಲ್ಲ." ತನಗೆ ಅದೊಂದು ಬಲ ಎಂದೇ ಆಕೆಗೆ ಅನ್ನಿಸಿರಲಿಲ್ಲ, ದಿನನಿತ್ಯದ ಕೆಲಸ ಅಂದುಕೊಂಡಿದ್ದರು. ಇನ್ನೊಂದು ಚೀಟಿ: "ಸಾಲದ ಲೆಕ್ಕ ಓದುವಾಗ ಪುಸ್ತಕ ಅಕ್ಕನ ತೊಡೆ ಮೇಲೇ ಇರ್ತದೆ. ನಮಗೆ ಬರೀ ರಟ್ಟು ಕಾಣೋದು." ಮೂರನೆಯದು: "ಚಲನ್ ತುಂಬೋದು ಅವರೊಬ್ಬರಿಗೇ ಗೊತ್ತು. ಅವರು ಮಗಳ ಬಾಣಂತನಕ್ಕೆ ಹೋದಾಗ ತಿಂಗಳಿಡೀ ಕಟ್ಟೋಕಾಗಲಿಲ್ಲ."

ಗಮನಿಸಿ, ಮೂರೂ ಒಂದೇ ಬೇರಿನಿಂದ ಹುಟ್ಟಿದ್ದು. ಎಲ್ಲವನ್ನೂ ತಾನೇ ಹೊರುವ ಗುಣ ಬ್ಯಾಂಕಿನಲ್ಲಿ ಬಲ, ಸಭೆಯಲ್ಲಿ ತೊಡಕು. ಕೊರತೆಯನ್ನು ಕಿತ್ತೆಸೆಯಲು ಹೊರಟರೆ ಬಲವೂ ಅದರ ಜತೆ ಹೋಗುತ್ತದೆ. ಯಾವ ಜಾಗದಲ್ಲಿ ಹಿಂದೆ ಸರಿಯಬೇಕು ಎಂದು ಗುರುತಿಸಿಕೊಂಡರೆ ಸಾಕು.

ಆರಿಸುವಾಗ ನಾನು ಪಾಲಿಸುವ ಲೆಕ್ಕ ಇಷ್ಟೇ. ಇಬ್ಬರು ಮೂವರು ಒಂದೇ ವಿಷಯ ಎತ್ತಿದ್ದರೆ ಅದನ್ನು ನಂಬಿ. ಒಬ್ಬರೇ ಹೇಳಿದ್ದನ್ನು ಪಕ್ಕಕ್ಕಿಟ್ಟು ಮುಂದಿನ ಬಾರಿ ನೋಡಿ. ಇದಕ್ಕೆ ಎರಡು ವಿನಾಯಿತಿ: ಹಣದ ವಿಷಯ, ಅವಮಾನದ ವಿಷಯ. "ಎಲ್ಲರೆದುರು ನನ್ನ ಜಾತಿ ಎತ್ತಿ ತಮಾಷೆ ಮಾಡಿದಿರಿ" ಎಂದು ಒಬ್ಬರೇ ಬರೆದಿದ್ದರೂ ಅದು ನೂರು ಜನ ಬರೆದದ್ದಕ್ಕೆ ಸಮ. ಎರಡನೆಯವರಿಗಾಗಿ ಕಾಯಬೇಡಿ.

ಹಾಗೆಯೇ, ಮುಂದಾಳು ಹೆಂಗಸಾದರೆ ಇನ್ನೊಂದು ಜರಡಿ ಬೇಕು. ಗಂಡಸು ಏರುದನಿಯಲ್ಲಿ ಮಾತಾಡಿದರೆ "ಖಡಕ್ ಮನುಷ್ಯ", ಹೆಂಗಸು ಮಾತಾಡಿದರೆ "ಬಾಯಿ ಜೋರು". ಇದೇ ಕೆಲಸವನ್ನು ಸೊಸೈಟಿಯ ಅಧ್ಯಕ್ಷರು ಮಾಡಿದ್ದರೆ ಹೀಗೆ ಬರೆಯುತ್ತಿದ್ದರೇ ಎಂದು ಕೇಳಿಕೊಳ್ಳಿ. ಇಲ್ಲ ಎಂದಾದರೆ ಆ ಚೀಟಿಯನ್ನು ನಿಶ್ಚಿಂತೆಯಿಂದ ಬದಿಗಿಡಬಹುದು.

ಒಂದನ್ನೇ ಬದಲಾಯಿಸಿ, ಹೇಳಿಯೇ ಬದಲಾಯಿಸಿ

ಹೆಚ್ಚಿನವರು ಎಡವುವುದು ಈ ಹಂತದಲ್ಲಿ. ಅಭಿಪ್ರಾಯ ಕೇಳುತ್ತಾರೆ, ಓದುತ್ತಾರೆ, ಆಮೇಲೆ ಸುದ್ದಿಯೇ ಇಲ್ಲ. ದಾಕ್ಷಿಣ್ಯ ಮೀರಿ ಹೇಳಿದವರಿಗೆ ತಾವು ಹೇಳಿದ್ದು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಹೀಗೆ ಮಾಡುವ ಬದಲು ಕೇಳದೇ ಇರುವುದೇ ವಾಸಿ.

ಮುಂದಿನ ಸಭೆಯಲ್ಲೇ ಎರಡು ನಿಮಿಷ ತೆಗೆದುಕೊಳ್ಳಿ. ಚೀಟಿಗಳನ್ನು ಓದಿ ಹೇಳುವ ಅಗತ್ಯವಿಲ್ಲ, ಕಣ್ಣೀರಿನ ಭಾಷಣವೂ ಬೇಡ. "ಲೆಕ್ಕದ ಪುಸ್ತಕ ನಿಮಗೆ ಕಾಣುವುದಿಲ್ಲ ಎಂದು ತಿಳಿಯಿತು. ಇವತ್ತಿನಿಂದ ಪುಸ್ತಕ ಮಧ್ಯದಲ್ಲಿರುತ್ತದೆ, ಪ್ರತಿ ಸಭೆಗೆ ಒಬ್ಬೊಬ್ಬರು ಓದಿ" ಎಂದರೆ ಮುಗಿಯಿತು. ಬದಲಾವಣೆ ಚಿಕ್ಕದಿರಲಿ, ಆದರೆ ಬೇರೆಯವರ ಕಣ್ಣಿಗೆ ಬೀಳುವಂಥದ್ದಿರಲಿ. "ಇನ್ನು ಮೇಲೆ ತಾಳ್ಮೆಯಿಂದ ಇರುತ್ತೇನೆ" ಎಂಬುದನ್ನು ಯಾರೂ ಅಳೆಯಲಾರರು. "ಸಾಲದ ಅರ್ಜಿ ಬಂದಾಗ ನಾನು ಕೊನೆಯಲ್ಲಿ ಮಾತಾಡುತ್ತೇನೆ" ಎಂಬುದನ್ನು ಮಾತು ಕಡಿಮೆಯಾಡುವವರೂ ಎಣಿಸಿ ನೋಡುತ್ತಾರೆ. ಅಧ್ಯಕ್ಷೆ ಮೊದಲು ಮಾತಾಡಿದರೆ "ನೀವು ಹೇಳಿದ ಹಾಗೇ ಆಗ್ಲಿ ಅಕ್ಕಾ" ಎನ್ನುವುದಷ್ಟೇ ಉಳಿದವರಿಗೆ ಉಳಿಯುವ ಕೆಲಸ.

ಮೂರು ತಿಂಗಳ ನಂತರ ಅದೇ ಐದಾರು ಮಂದಿಗೆ ಒಂದೇ ಪ್ರಶ್ನೆ: ನಾನು ಬದಲಾಯಿಸುತ್ತೇನೆ ಎಂದದ್ದು ಬದಲಾಗಿದೆಯೇ? ಈ ಬಾರಿ ಮಧ್ಯದವರು ಬೇಕಾಗದೆಯೂ ಇರಬಹುದು. "ಎಲ್ಲಿ ಅಕ್ಕಾ, ಎರಡು ಸಭೆ ಆದಮೇಲೆ ಪುಸ್ತಕ ಮತ್ತೆ ನಿಮ್ಮ ತೊಡೆ ಹತ್ತಿತು" ಎಂದು ಯಾರಾದರೂ ನಗುತ್ತಾ ಎದುರಿಗೇ ಹೇಳಿದರೆ ಬೇಸರಪಟ್ಟುಕೊಳ್ಳಬೇಡಿ, ಪುಸ್ತಕವನ್ನು ಅವರ ಕೈಗೆ ಕೊಡಿ. ಚಲನ್ ತುಂಬುವುದನ್ನು ಇನ್ನಿಬ್ಬರಿಗೆ ಕಲಿಸುವ ಕೆಲಸವನ್ನು ಮುಂದಿನ ಮೂರು ತಿಂಗಳಿಗೆ ಇಟ್ಟುಕೊಳ್ಳಬಹುದು.

ಅಧ್ಯಕ್ಷ ಸ್ಥಾನ ಸರದಿಯಂತೆ ಬದಲಾಗುವ ಸಂಘವಾದರೆ, ಹೊಸಬರಿಗೆ ಬೀಗದ ಕೈ, ಪಾಸ್‌ಬುಕ್, ಮೊಹರು ಒಪ್ಪಿಸುವಾಗ ಆ ಮೂರು ಪ್ರಶ್ನೆಗಳ ಹಾಳೆಯನ್ನೂ ಕೊಡಿ. ನಿಮಗೆ ಬಂದ ಉತ್ತರಗಳನ್ನು ಮಾತ್ರ ಕೊಡಬೇಡಿ. ಅವು ನಿಮ್ಮ ಬಗ್ಗೆ ಹೇಳಿದವು, ಅವರಿಗೆ ಸಿಗಬೇಕಾದ ಉತ್ತರಗಳು ಬೇರೆ ಇರುತ್ತವೆ.